ಇಲ್ಲದ ಬ್ರೇಕು

ಬಾಯಿ ಮುಚ್ಚಿಕೊಂಡು ಕೂರುತ್ತೇನೆ ಎಂದು ಒಪ್ಪಿಕೊಂಡದ್ದೇ ಬ್ರೇಕ್ ಮೇಷ್ಟ್ರು ಮಾಡಿದ ತಪ್ಪು. ಒಪ್ಪಿಕೊಳ್ಳದೆ ಬೇರೆ ದಾರಿಯೂ ಇರಲಿಲ್ಲ ಅನ್ನಿ. ಹಿಂದಿನ ದಿನ ದೋಣಿ ಇಳಿದು ಲಾಡ್ಜಿಗೆ ಬರುವಾಗ ಟ್ಯಾಕ್ಸಿಯವನಿಗೆ ಅವರು ಕೊಟ್ಟ ಉಪದೇಶ ಒಂದೆರಡಲ್ಲ. ಅರ್ಧ ದಾರಿಯಲ್ಲಿ ಅವನು ಗಾಡಿ ನಿಲ್ಲಿಸಿ, ಡಿಕ್ಕಿ ತೆಗೆದು, ಇವರ ಪೆಟ್ಟಿಗೆಗಳನ್ನೆಲ್ಲ ರಸ್ತೆ ಬದಿಗೆ ಸಾಲಾಗಿ ಜೋಡಿಸಿ, ಕೈಮುಗಿದು ಹೊರಟೇಹೋದ. ಸುಡುಬಿಸಿಲಲ್ಲಿ ಪೆಟ್ಟಿಗೆ ಎಳೆದುಕೊಂಡು ಲಾಡ್ಜ್ ಸೇರುವಷ್ಟರಲ್ಲಿ ಹೆಂಡತಿಯ ಮುಖ ಕಾದ ಹಂಚಾಗಿತ್ತು.

ಮೇಷ್ಟ್ರು ಅಂದರೆ ಮಗ್ಗಿ ಹೇಳಿಕೊಡುವ ಮೇಷ್ಟ್ರಲ್ಲ, ಡ್ರೈವಿಂಗ್ ಸ್ಕೂಲಿನವರು. ಅರ್ಧ ಆಯಸ್ಸನ್ನು ಕಲಿಯುವವರ ಎಡಗಡೆ ಸೀಟಿನಲ್ಲೇ ಕಳೆದವರು. ಅವರ ಸ್ಕೂಲಿನ ಕಾರಿನಲ್ಲಿ ಮೇಷ್ಟ್ರ ಕಾಲಡಿಗೂ ಒಂದು ಬ್ರೇಕು ಇತ್ತು. ಕಲಿಯುವವನು ಯದ್ವಾತದ್ವಾ ಹೋದರೆ ಇವರು ಒತ್ತುವುದು. ಹಾಗೆ ಒತ್ತಿ ಒತ್ತಿ ಬಲಗಾಲಿಗೆ ಅದೊಂದು ಚಟವೇ ಅಂಟಿಕೊಂಡಿತ್ತು. ಬಸ್ಸಿನಲ್ಲಿ ಕೂತರೂ ಒತ್ತುತ್ತಿದ್ದರು, ಟಿವಿಯಲ್ಲಿ ಕಾರು ಓಡಿದರೂ ಒತ್ತುತ್ತಿದ್ದರು.

"ರೀ, ಇಲ್ಕೇಳಿ" ಎಂದಳು ಹೆಂಡತಿ, ಬೆಳಗ್ಗೆ ಕಾಫಿ ಲೋಟ ಕೆಳಗಿಟ್ಟು. "ಮದುವೆಯಾದ ಮೇಲೆ ಮೊದಲನೇ ಸಲ ಇಷ್ಟು ದೂರ ಬಂದಿದ್ದೀವಿ. ದ್ವೀಪ ತೋರಿಸೋಕೆ ಈಗ ಇನ್ನೊಬ್ಬ ಡ್ರೈವರ್ ಬರ್ತಾನೆ. ಇವನೂ ಬಿಟ್ಟುಹೋದ್ರೆ ಬೇರೆ ಯಾರೂ ಇಲ್ಲ ಅಂತ ಲಾಡ್ಜಿನವರು ಹೇಳಿದ್ದಾರೆ. ಸಂಜೆ ವಾಪಸ್ ಬರೋವರೆಗೂ ಡ್ರೈವಿಂಗ್ ಬಗ್ಗೆ ನಿಮ್ಮ ಬಾಯಿಂದ ಒಂದೇ ಒಂದು ಮಾತು ಬರಕೂಡದು. ಬಂತೋ, ಊರಿಗೆ ಹೋದ ಮಾರನೇ ದಿನಾನೇ ನಾನು ಎದುರುಗಡೆ ಸ್ಕೂಲಿಗೆ ಸೇರ್ತೀನಿ."

ಮೇಷ್ಟ್ರಿಗೆ ಕಾಫಿ ನೆತ್ತಿಗೇರಿತು.

ಎದುರುಗಡೆ ಸ್ಕೂಲು ಅವರ ಶಿಷ್ಯನದು. ಇವರ ಹತ್ತಿರ ಕಲಿತು, ಇವರ ಹತ್ತಿರವೇ ಕೆಲಸಕ್ಕಿದ್ದು, ಒಂದು ದಿನ ಇವರ ಬಾಗಿಲಿಗೆ ಸರಿಯಾಗಿ ಎದುರು ಬೋರ್ಡು ಹಾಕಿದವನು. ಮೇಷ್ಟ್ರ ಬಾಯಲ್ಲಿ ಅವನಿಗೆ 'ಗುರುದ್ರೋಹಿ' ಎಂಬುದೊಂದೇ ಹೆಸರು. ಬ್ರೇಕ್ ಮೇಷ್ಟ್ರ ಹೆಂಡತಿಯೇ ಅವನ ಕಾರಿನಲ್ಲಿ ಕೂತು ಕಲಿಯುತ್ತಿದ್ದಾಳೆ ಎಂದರೆ ಮುಗಿಯಿತು, ಸ್ಕೂಲಿಗೆ ಬೀಗ ಜಡಿದು ಕಾಶಿಗೆ ಹೋಗುವುದೊಂದೇ ಬಾಕಿ. ಹಾಗೆಂದು ಇವರು ಹೆಂಡತಿಗೆ ಕಲಿಸಲಿಲ್ಲವೆ? ಒಮ್ಮೆ ಕಲಿಸಿದ್ದರು. ಮನೆ ಗೇಟಿನಿಂದ ಬೀದಿಯ ಮೂಲೆಯವರೆಗೆ. ಅಷ್ಟರಲ್ಲಿ ಇವರ ಬೈಗುಳ ತಡೆಯಲಾರದೆ ಆಕೆ ಕಾರಿನಿಂದಿಳಿದು ನಡೆದುಕೊಂಡು ಮನೆಗೆ ಬಂದುಬಿಟ್ಟಿದ್ದಳು.

"ಉಸಿರು ಬಿಡಲ್ಲ, ಸರೀನಾ?" ಎಂದರು ಮೇಷ್ಟ್ರು.

"ಅಂಪೈರ್ ನಾನು!" ಎಂದು ಷಡ್ಡಕ ಬಾಳೆಹಣ್ಣು ಸುಲಿಯುತ್ತಲೇ ಕೈಯೆತ್ತಿದ. ಹೆಂಡತಿಯ ಅಕ್ಕನ ಗಂಡ. ಪರರ ಸಂಕಟವೆಂದರೆ ಅವನಿಗೆ ಹಬ್ಬ. "ಮಾತಾಡಕೂಡದು, ಕೈಸನ್ನೆ ಮಾಡಕೂಡದು, ಉಸ್ ಅಂತ ನಿಟ್ಟುಸಿರೂ ಬಿಡಕೂಡದು. ಕಾಲು ಮಾತ್ರ ಮಾಫಿ. ಪಾಪ, ಅದು ಅವರ ಕೈಯಲ್ಲಿಲ್ಲ."

ಹೊಸ ಡ್ರೈವರ್ ದೊಡ್ಡ ದೊಡ್ಡ ಹೂವಿನ ಅಂಗಿ ತೊಟ್ಟಿದ್ದ ನಗುಮೊಗದ ಮನುಷ್ಯ. ಹಿಂದಿನ ಸೀಟಿನಲ್ಲಿ ಷಡ್ಡಕ, ನಡುವೆ ವಾಂತಿಯ ಮಾತ್ರೆ ನುಂಗಿ ತೂಕಡಿಸುತ್ತಿದ್ದ ಅಕ್ಕ, ಆ ಕಡೆ ಹೆಂಡತಿ. ಮೇಷ್ಟ್ರಿಗೆ ಸಿಕ್ಕಿದ್ದು ಮುಂದಿನ ಸೀಟು, ಡ್ರೈವರಿನ ಎಡಕ್ಕೆ. ಹಳೆಯ ಜಾಗವೇ. ಕೂತ ಕೂಡಲೇ ಬಲಗಾಲು ತಾನಾಗಿಯೇ ಚಾಚಿ ಬ್ರೇಕು ಹುಡುಕಿತು. ಅಲ್ಲಿ ಬರೀ ರಬ್ಬರ್ ಮ್ಯಾಟು.

ದ್ವೀಪದ ರಸ್ತೆ ಬೆಟ್ಟದ ಪಕ್ಕೆಯಲ್ಲಿ ಹೋಗುತ್ತಿತ್ತು. ಬಲಕ್ಕೆ ಬಂಡೆ, ಎಡಕ್ಕೆ, ಅಂದರೆ ಮೇಷ್ಟ್ರ ಕಿಟಕಿಯ ಪಕ್ಕಕ್ಕೇ, ಪ್ರಪಾತ. ಅದರಡಿಯಲ್ಲಿ ಕಡುನೀಲಿ ಸಮುದ್ರ. ಹಿಂದೆ ಕೂತವರು "ಆಹಾ, ಎಷ್ಟು ಚೆಂದ!" ಎನ್ನುತ್ತಿದ್ದರು. ಮೇಷ್ಟ್ರು ಕಂಡದ್ದು ಒಂದೇ: ಈ ರಸ್ತೆಗೆ ತಡೆಗೋಡೆಯಿಲ್ಲ.

ಡ್ರೈವರಿಗೋ ಸಮುದ್ರ ತೋರಿಸುವ ಉಮೇದು. "ಅಲ್ನೋಡಿ ಅಮ್ಮ, ಆಮೆ ಥರ ಬಂಡೆ!" ಎಂದು ಸ್ಟೇರಿಂಗ್ ಬಿಟ್ಟು ಎರಡೂ ಕೈಯಲ್ಲಿ ಆಮೆಯ ಆಕಾರ ಮಾಡಿ ತೋರಿಸಿದ. ಮೇಷ್ಟ್ರ ಕಾಲು ಮ್ಯಾಟನ್ನು ಅಮುಕಿತು. ಮಾತಾಡಲು ಕುತ್ತಿಗೆಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದ. ಅಮುಕಿತು. ತಿರುವಿನಲ್ಲಿ ಹಾರ್ನೂ ಇಲ್ಲದೆ ಲಾರಿಯೊಂದನ್ನು ಹಿಂದೆ ಹಾಕಿದಾಗಂತೂ ಮೇಷ್ಟ್ರು ಸೀಟಿನಿಂದ ಎದ್ದೇಬಿಟ್ಟರು. ನಾಲಿಗೆಯ ತುದಿಗೆ ಬಂದ ಮಾತನ್ನು ಬಿಸಿ ತುತ್ತಿನಂತೆ ನುಂಗಿಕೊಂಡರು. ಹಿಂದಿನಿಂದ ಷಡ್ಡಕ ಕಿವಿಯ ಹತ್ತಿರ ಬಾಗಿ, "ಏನಾದ್ರೂ ಅಂದ್ರಾ ಮೇಷ್ಟ್ರೇ?" ಎಂದ.

ಇವರು ಇಲ್ಲವೆಂದು ತಲೆಯಾಡಿಸಿದರು.

ಸ್ವಲ್ಪ ದೂರ ಹೋದ ಮೇಲೆ ಡ್ರೈವರ್ ಇವರ ಕಾಲನ್ನು ಗಮನಿಸಿದ. "ಅಮ್ಮ, ಸಾರ್‌ಗೆ ಕಾಲು ಹಿಡ್ಕೊಂಡಿದೆಯಾ? ಒಂದೇ ಸಮ ಜಾಡಿಸ್ತಿದ್ದಾರೆ."

"ಹ್ಞೂಂ, ಹಳೇ ಕಾಯಿಲೆ" ಎಂದ ಷಡ್ಡಕ, ಬಲು ದುಃಖದಿಂದ.

ಒಳ್ಳೆಯ ಮನುಷ್ಯ ಗಾಡಿ ನಿಲ್ಲಿಸಿದ. ಎಲ್ಲಿ? ಸರಿಯಾಗಿ ತಿರುವಿನ ನಡುವೆ. ಡಬ್ಬಿಯಿಂದ ನೋವಿನ ಮುಲಾಮು ತೆಗೆದು ಮೇಷ್ಟ್ರ ಪ್ಯಾಂಟು ಮಡಚಿ ಮೀನಖಂಡಕ್ಕೆ ತಿಕ್ಕತೊಡಗಿದ. ತಿರುವಿನಾಚೆಯಿಂದ ಬಸ್ಸೊಂದು ಬಂತು. ಅದು ಕನ್ನಡಿ ಸವರಿಕೊಂಡು ಹೋಗುವವರೆಗೆ ಮೇಷ್ಟ್ರು ಕಣ್ಣು ಮುಚ್ಚಿ ಮನೆದೇವರನ್ನು ನೆನೆದರು. ಕಾಲು ಉರಿಯಿತು, ಹೊಟ್ಟೆಯೂ ಉರಿಯಿತು. ಆದರೂ ತುಟಿ ಬಿಚ್ಚಲಿಲ್ಲ. ಎದುರುಗಡೆಯ ಬೋರ್ಡು ಕಣ್ಣ ಮುಂದೆ ತೂಗಾಡುತ್ತಿತ್ತು.

"ನಿಮಗೆ ಗಾಡಿ ಓಡಿಸೋಕೆ ಬರುತ್ತಾ ಸಾರ್?" ಮತ್ತೆ ಹೊರಟ ಮೇಲೆ ಡ್ರೈವರ್ ಕೇಳಿದ.

ಇದು ಡ್ರೈವಿಂಗಿನ ಮಾತೋ ಅಲ್ಲವೋ? ಮೇಷ್ಟ್ರು ಹಿಂದಕ್ಕೆ ನೋಡಿದರು. ಅಂಪೈರ್ ಬೆರಳೆತ್ತಲು ಸಿದ್ಧನಾಗಿದ್ದ. ಇವರು ಬಾಯಿ ಮುಚ್ಚಿ ಕಿಟಕಿಯ ಕಡೆ ತಿರುಗಿದರು.

"ನಾಚ್ಕೋಬೇಡಿ ಸಾರ್, ಎಷ್ಟೋ ಜನಕ್ಕೆ ಬರಲ್ಲ" ಎಂದು ಡ್ರೈವರ್ ಮೃದುವಾಗಿ ಹೇಳಿ, ಪಾಠವನ್ನೇ ಶುರುಮಾಡಿದ. "ಇದು ಕ್ಲಚ್ಚು, ಎಡಗಾಲಲ್ಲಿ. ಇದು ಗೇರು. ಹೀಗೆ ಇಳಿಜಾರು ಬಂದಾಗ ನ್ಯೂಟ್ರಲ್ ಮಾಡಿ ಬಿಟ್ಬಿಡ್ಬೇಕು, ಗಾಡಿ ತಾನಾಗೇ ಹೋಗುತ್ತೆ. ಪೆಟ್ರೋಲೂ ಉಳಿಯುತ್ತೆ!"

ಮೇಷ್ಟ್ರು ಸಾವಿರಾರು ಜನಕ್ಕೆ ಮಾಡಬಾರದು ಎಂದು ಕಲಿಸಿದ್ದನ್ನೇ ಅವನು ಮಾಡಬೇಕು ಎಂದು ಕಲಿಸುತ್ತಿದ್ದ. ಗಾಡಿ ಹಿಡಿತ ಬಿಟ್ಟು ಇಳಿಜಾರಿನಲ್ಲಿ ಓಡುತ್ತಿತ್ತು. ಮೇಷ್ಟ್ರ ಕಣ್ಣಲ್ಲಿ ನೀರು ತುಂಬಿತು. ಅದನ್ನು ಕಂಡು ಡ್ರೈವರಿನ ಮನಸ್ಸು ಕರಗಿತು. "ಭಯಪಡ್ಬೇಡಿ ಸಾರ್, ನಾನಿದ್ದೀನಲ್ಲ" ಎಂದು ಇವರ ತೊಡೆ ತಟ್ಟಿದ. ತಟ್ಟಿದ್ದು ಸ್ಟೇರಿಂಗ್ ಹಿಡಿಯಬೇಕಾಗಿದ್ದ ಕೈಯಿಂದ.

ಅಂತೂ ಜೀವ ಕೈಯಲ್ಲಿ ಹಿಡಿದುಕೊಂಡು ಜಲಪಾತ, ದೀಪಸ್ತಂಭ ಎಲ್ಲ ಮುಗಿಸಿದ್ದಾಯಿತು. ಬಿಸಿಲು ತಗ್ಗುವ ಹೊತ್ತಿಗೆ ಕೊನೆಯ ಜಾಗಕ್ಕೆ ಬಂದರು. ರಸ್ತೆ ಅಲ್ಲಿ ನೇರ ಸಮುದ್ರಕ್ಕೇ ಇಳಿಯುತ್ತಿತ್ತು, ದೋಣಿಗಳನ್ನು ನೀರಿಗಿಳಿಸುವ ಸಿಮೆಂಟಿನ ಇಳಿಜಾರು. ಡ್ರೈವರ್ ಅದರ ನೆತ್ತಿಯಲ್ಲಿ, ಮೂತಿ ಸಮುದ್ರದ ಕಡೆ ಮಾಡಿ ಕಾರು ನಿಲ್ಲಿಸಿ, ಬೀಗದ ಕೈಯನ್ನು ಅದರಲ್ಲೇ ಬಿಟ್ಟು, "ಬನ್ನಿ, ಎಳನೀರು ಕುಡಿಯೋಣ" ಎಂದು ಇಳಿದ. ಅಕ್ಕ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಗಾಢ ನಿದ್ದೆಯಲ್ಲಿದ್ದಳು. "ಮಲಗಿರ್ಲಿ ಬಿಡಿ" ಎಂದ ಷಡ್ಡಕ. ಹೆಂಡತಿ ಅಲ್ಲೇ ಪಕ್ಕದಲ್ಲಿ ನಿಂತು ಅಲೆ ನೋಡತೊಡಗಿದಳು.

ಮೇಷ್ಟ್ರು ಎಳನೀರಿನಂಗಡಿಯ ಹತ್ತಿರ ನಿಂತು ಲೆಕ್ಕ ಹಾಕಿದರು. ಇನ್ನು ಲಾಡ್ಜಿಗೆ ಹೋಗುವುದಷ್ಟೇ ಬಾಕಿ. ಗೆದ್ದ ಹಾಗೆಯೇ. ಎಳನೀರು ಬಾಯಿಗಿಟ್ಟುಕೊಂಡು ಕಾರಿನ ಕಡೆ ಕಣ್ಣು ಹಾಯಿಸಿದರು.

ಮುಂದಿನ ಚಕ್ರ ತಿರುಗುತ್ತಿತ್ತು.

ನಿಧಾನವಾಗಿ, ತೇರಿನ ಹಾಗೆ ಗಂಭೀರವಾಗಿ, ಕಾರು ಸಮುದ್ರದ ಕಡೆ ಹೊರಟಿತ್ತು. ಡ್ರೈವರ್ ಹ್ಯಾಂಡ್ ಬ್ರೇಕ್ ಎಳೆದಿರಲಿಲ್ಲ, ಗೇರಿನಲ್ಲೂ ಹಾಕಿರಲಿಲ್ಲ. ಒಳಗೆ ಅಕ್ಕ ಗೊರಕೆ ಹೊಡೆಯುತ್ತಿದ್ದಳು.

ಆ ಕ್ಷಣ ಮೇಷ್ಟ್ರ ತಲೆಯಲ್ಲಿ ಪಂಥವೂ ಇರಲಿಲ್ಲ, ಗುರುದ್ರೋಹಿಯೂ ಇರಲಿಲ್ಲ. ಕೂಗಲೇಬೇಕು ಎಂದು ಬಾಯಿ ತೆರೆದರು. ಬೆಳಗ್ಗೆಯಿಂದ ನುಂಗಿದ ಮಾತುಗಳೆಲ್ಲ ಒಟ್ಟಿಗೆ ಗಂಟಲಿಗೆ ಬಂದು ಬಾಗಿಲಲ್ಲೇ ಸಿಕ್ಕಿಹಾಕಿಕೊಂಡವು. ಬಾಯಿಂದ ಬಂದದ್ದು ಬರೀ ಗಾಳಿ. ಆದರೆ ಬಲಗಾಲು ಸುಮ್ಮನಿರಲಿಲ್ಲ. ಅದು ಮರಳನ್ನು ದಬದಬನೆ ಒದೆಯುತ್ತ ಮೊಣಕಾಲುದ್ದದ ಗುಂಡಿ ತೋಡುವುದಕ್ಕೇ ನಿಂತಿತು.

ಹೆಂಡತಿ ಸದ್ದು ಕೇಳಿ ತಿರುಗಿದಳು. ಆ ಕಾಲಿನ ಭಾಷೆ ಜಗತ್ತಿನಲ್ಲಿ ಅರ್ಥವಾಗುತ್ತಿದ್ದುದು ಆಕೆಯೊಬ್ಬಳಿಗೇ. ಥಟ್ಟನೆ ಕಾರಿನ ಕಡೆ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದಳು. ಅತ್ತ ಡ್ರೈವರೂ "ಅಯ್ಯಯ್ಯೋ" ಎಂದು ಓಡಿ, ಎಳನೀರಿನ ಬುರುಡೆಗಳ ಮೇಲೆ ಕಾಲಿಟ್ಟು ಧೊಪ್ಪನೆ ಬಿದ್ದ.

ಹೆಂಡತಿ ಓಡುತ್ತಿದ್ದ ಕಾರಿನ ಬಾಗಿಲು ತೆಗೆದು ಡ್ರೈವರ್ ಸೀಟಿಗೆ ಹಾರಿದಳು. ಕಾರು ನಿಂತಿತು. ಹ್ಯಾಂಡ್ ಬ್ರೇಕ್ 'ಕರ್' ಎಂದಿತು. ಮುಂದಿನ ಚಕ್ರವನ್ನು ಅಲೆಯೊಂದು ಬಂದು ನೆಕ್ಕಿಹೋಯಿತು.

ಮೇಷ್ಟ್ರು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಅಚ್ಚರಿ ನಡೆಯಿತು. ಕಾರು ಸ್ಟಾರ್ಟ್ ಆಯಿತು. ಹಿಂದಿನ ದೀಪ ಹತ್ತಿತು. ಒಂದಂಗುಲವೂ ಮುಂದಕ್ಕೆ ಜಾರದೆ, ಒಂದು ಸಲವೂ ಮುಗ್ಗರಿಸದೆ, ಆ ಕಡಿದಾದ ಇಳಿಜಾರಿನಲ್ಲಿ ಹಿಂದುಹಿಂದಕ್ಕೇ ಏರಿ ಬಂದು, ಮೇಲಿನ ಸಮತಟ್ಟಿನಲ್ಲಿ ಗೆರೆ ಎಳೆದಂತೆ ನಿಂತಿತು. ಅಕ್ಕ ಮಗ್ಗುಲು ಬದಲಿಸಿ ಮಲಗಿದಳು.

"ಮೇಷ್ಟ್ರು ಮಾತಾಡ್ಲಿಲ್ಲ! ಕಾಲು ಮಾಫಿ! ಮೇಷ್ಟ್ರು ಗೆದ್ರು!" ಎಂದು ಷಡ್ಡಕ ಕೂಗಿದ.

ಹೆಂಡತಿ ಇಳಿದು ಬಂದು ಗಂಡನ ಮುಖ ನೋಡಿದಳು. ಮೇಷ್ಟ್ರ ಬಾಯಿ ಇನ್ನೂ ತೆರೆದೇ ಇತ್ತು.

"ಎಲ್ಲಿ... ಯಾವಾಗ..." ಎಂದರು ಕೊನೆಗೆ.

"ಕೋರ್ಸ್ ಮುಗಿದೇ ಎಷ್ಟೋ ದಿನ ಆಯ್ತು ರೀ. ಲೈಸೆನ್ಸೂ ಬಂತು" ಎಂದಳು ಹೆಂಡತಿ, ತಲೆ ತಗ್ಗಿಸಿ. "ಎದುರುಗಡೇನೇ. ನಿಮಗೆ ಹೇಗೆ ಹೇಳೋದು ಅಂತ ತಿಳೀಲಿಲ್ಲ. ನೀವು ಇವತ್ತು ಖಂಡಿತ ಸೋಲ್ತೀರಿ, ಅದೇ ನೆಪದಲ್ಲಿ ಹೇಳಿಬಿಡೋಣ ಅಂದ್ಕೊಂಡಿದ್ದೆ. ನೀವು ನೋಡಿದ್ರೆ ಗೆದ್ದುಬಿಟ್ರಿ."

ಮೇಷ್ಟ್ರು ಷಡ್ಡಕನ ಕಡೆ ನೋಡಿದರು. ಅವನು ಎಳನೀರಿನ ಬುರುಡೆಯೊಳಗೆ ಏನೋ ಹುಡುಕುತ್ತಿದ್ದ. "ನಮ್ಮ ಬೀದಿಗೆಲ್ಲ ಗೊತ್ತು ಮೇಷ್ಟ್ರೇ" ಎಂದ. "ನಿಮಗೊಬ್ರಿಗೇ ಹೇಳ್ಬಾರ್ದು ಅಂತ ಆಗಿತ್ತು."

ಅಷ್ಟರಲ್ಲಿ ಡ್ರೈವರ್ ಕುಂಟುತ್ತ ಬಂದು ಮೇಷ್ಟ್ರ ಹೆಂಡತಿಯಿಂದ ಬೀಗದ ಕೈ ಇಸಿದುಕೊಂಡ. ಪಾದ ಉಬ್ಬಿಹೋಗಿತ್ತು, ಕ್ಲಚ್ ಒತ್ತುವ ಮಾತಿರಲಿ, ಊರಲೂ ಆಗುತ್ತಿರಲಿಲ್ಲ. ಮೇಷ್ಟ್ರಿಗೆ ಒಂದು ಆಸೆ ಚಿಗುರಿತು. ಹೋದ ಮಾನವನ್ನು ಈ ಬೆಟ್ಟದ ರಸ್ತೆಯಲ್ಲಾದರೂ ಮರಳಿ ಗಳಿಸಬಹುದು. ಬೀಗದ ಕೈಗೆ ಕೈಚಾಚಿದರು.

ಡ್ರೈವರ್ ಗಾಬರಿಯಿಂದ ಬೀಗದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. "ನೀವು ಬೇಡ ಸಾರ್! ಬೆಳಗ್ಗೆಯಿಂದ ನೋಡ್ತಾನೇ ಇದ್ದೀನಿ, ಗಾಡಿ ಅಂದ್ರೆ ನಿಮಗೆ ಜೀವಭಯ. ಅಮ್ಮ ಓಡಿಸ್ಲಿ."

ಹಿಂದಿನ ಸೀಟಿನಲ್ಲಿ ಷಡ್ಡಕನಿಗೂ ನಿದ್ದೆಹೋದ ಅಕ್ಕನಿಗೂ ನಡುವೆ ಮೇಷ್ಟ್ರನ್ನು ತುರುಕಿದ್ದಾಯಿತು. ಕಾರು ಹೊರಟಿತು. ಹೆಂಡತಿ ಕನ್ನಡಿಯಲ್ಲಿ ಇವರನ್ನೇ ನೋಡಿ ಹೇಳಿದಳು: "ಪಂಥ ಮುಗೀತು ರೀ. ಈಗ ಏನು ಬೇಕಾದ್ರೂ ಹೇಳಿ."

ಮೇಷ್ಟ್ರು ಮುಂದಕ್ಕೆ ಬಾಗಿ ಕಣ್ಣಲ್ಲಿ ಕಣ್ಣಿಟ್ಟು ತಪ್ಪು ಹುಡುಕಿದರು. ತಿರುವಿಗೆ ಮೊದಲೇ ಹಾರ್ನು ಆಯಿತು. ಇಳಿಜಾರಿಗೆ ಗೇರು ಇಳಿಯಿತು. ಎದುರು ಬಂದ ಲಾರಿಗೆ ಸರಿಯಾಗಿ ಜಾಗ ಸಿಕ್ಕಿತು. ಎಲ್ಲಾ ಅವರದೇ ಪಾಠ, ಒಂದಕ್ಷರ ಆಚೀಚೆ ಇಲ್ಲ.

"ಅವನು ಕಲಿಸೋದೂ ನೀವು ಹೇಳೋದನ್ನೇ ರೀ" ಎಂದಳು ಹೆಂಡತಿ. "ಬೈಗುಳ ಒಂದು ಇರಲ್ಲ, ಅಷ್ಟೇ."

ಮೇಷ್ಟ್ರಿಗೆ ಹೆಮ್ಮೆಯಾಯಿತು, ಅದರ ಬೆನ್ನಿಗೇ ಅಳುವೂ ಬಂತು. ಯಾವುದಕ್ಕೆ ಮೊದಲು ದಾರಿ ಬಿಡಬೇಕು ಎಂದು ತಿಳಿಯದೆ ಕೂತರು. ಕಣ್ಣೊರೆಸಿಕೊಂಡದ್ದನ್ನು ಮುಂದೆ ಕಾಲು ಚಾಚಿ ಕೂತಿದ್ದ ಡ್ರೈವರ್ ಕಂಡ. ಅವನ ಕರುಳು ಮತ್ತೆ ಚುರುಕ್ ಎಂದಿತು. ಹಿಂದಕ್ಕೆ ತಿರುಗಿ, ಮಗುವಿಗೆ ಹೇಳುವಂತೆ ಹೇಳಿದ:

"ಅಳಬೇಡಿ ಸಾರ್. ಊರಿಗೆ ಹೋದ ಕೂಡ್ಲೇ ನೀವೂ ಅಮ್ಮ ಕಲಿತ ಸ್ಕೂಲಿಗೇ ಸೇರ್ಕೊಳ್ಳಿ. ಎಂಥವರಿಗೂ ಬರುತ್ತೆ."