ಸಕ್ಕರೆ ಇಳಿದ ದಿನ

ಮೈಲಾರೆಪ್ಪನಿಗೆ ಸಕ್ಕರೆ ಕಾಯಿಲೆಗಿಂತ ಸೂಜಿಯ ಅಂಜಿಕೆಯೇ ದೊಡ್ಡದು. ಬ್ಯಾಡಗಿಯ ಮೆಣಸಿನಕಾಯಿ ಅಡತಿ ಅಂಗಡಿಯಲ್ಲಿ ಗುಮಾಸ್ತನಾಗಿ ಕೂತು ಕೂತು ಬೆಳೆಸಿಕೊಂಡ ಸಕ್ಕರೆ ಅದು, ಯಾವ ಗುಳಿಗೆಗೂ ಬಗ್ಗಿರಲಿಲ್ಲ. ಕೊನೆಗೆ ಊರ ಡಾಕ್ಟರು, "ರಾಣೆಬೆನ್ನೂರಿನ ದವಾಖಾನಿಯೊಳಗ ಹೊಸ ಗುಳಿಗಿ ಸಂಶೋಧನಾ ನಡದೈತಿ. ಅವ್ರು ನಿಮ್ಮನ್ನ ಆರಿಸಿಕೊಂಡ್ರ ಬಚಾವ್. ಇಲ್ಲಂದ್ರ ಸೋಮವಾರದಿಂದ ದಿನಾ ಇನ್ಸುಲಿನ್ ಸೂಜಿ" ಅಂದುಬಿಟ್ಟರು.

ಎಂಥವರನ್ನು ಆರಿಸುತ್ತಾರೆ ಎಂದು ಕೇಳುವ ಬುದ್ಧಿ ಅವನಿಗೆ ಬರಲಿಲ್ಲ. ಹೆಂಡತಿ ಹೊಳಿಯವ್ವನಿಗೆ ಕೇಳುವ ಗರಜೇ ಇರಲಿಲ್ಲ. "ಸಂತ್ಯಾಗ ಎತ್ತು ಕೊಳ್ಳಾವ್ರು ಬಡಕಲು ಎತ್ತಿಗೆ ಕೈ ಹಾಕ್ತಾರೇನು? ಹಲ್ಲು ನೋಡಿ ಗಟ್ಟಿಮುಟ್ಟಾದ್ದನ್ನ ಹೊಡಕೊಂಡು ಹೋಗ್ತಾರ. ಸಕ್ರಿ ಇಳಿಸಿಕೊಂಡ ಹೋಗ್ರಿ" ಅಂದಳು. ಓಣಿಗೆಲ್ಲ ಈ ಮಾತು ಸರಿ ಕಂಡಿತು.

ರಾಣೆಬೆನ್ನೂರಿಗೆ ಹೋಗುವ ಹಿಂದಿನ ಮಧ್ಯಾಹ್ನದಿಂದಲೇ ಅವನ ಊಟ ಬಂದ್ ಆಯಿತು. ಬೆಳಕು ಹರಿಯುವಾಗ ಪಕ್ಕದ ಮನೆಯ ಜಯವ್ವ ಚೊಂಬು ತುಂಬ ಹಾಗಲಕಾಯಿ ರಸ ತಂದಳು.

"ಹಸದ ಹೊಟ್ಟೀಲೆ ಬರಾಕ ಹೇಳ್ಯಾರವಾ" ಎಂದು ಮೈಲಾರೆಪ್ಪ ಗೋಗರೆದ.

"ಇದೇನು ಊಟ ಏನ್ರಿ ಅಣ್ಣಾರ? ಕಣ್ಣ ಮುಚ್ಚಿ ಕುಡೀರಿ."

ಜೊತೆಗೆ ಹೊರಟವನು ಎದುರುಮನೆಯ ಸೈಕಲ್ ಅಂಗಡಿ ಗುಡ್ಡಪ್ಪ. ಅವನಿಗೂ ಸಕ್ಕರೆ ಇತ್ತು, ಆದರೆ ಅವನು ಅದನ್ನು ಮಾತಾಡಿಸುತ್ತಿರಲಿಲ್ಲ. "ಮೋಟೆಬೆನ್ನೂರಿನ ತನಕ ನಡದ ಬರ್ರಿ ಮೈಲಾರಣ್ಣ, ಉಳದಿದ್ದೂ ಕರಗತೈತಿ" ಎಂದವನೇ ಹಾದುಹೋಗುತ್ತಿದ್ದ ಟ್ರ್ಯಾಕ್ಟರ್ ಏರಿದ. ಮೈಲಾರೆಪ್ಪ ಬಿಸಿಲಲ್ಲಿ ಕಾಲೆಳೆಯುತ್ತ ಮೋಟೆಬೆನ್ನೂರಿನ ಹೈವೇ ಮುಟ್ಟಿದಾಗ ಗುಡ್ಡಪ್ಪ ಹೋಟೆಲಿನಲ್ಲಿ ಗಿರ್ಮಿಟ್, ಮಿರ್ಚಿ ಮುಗಿಸಿ, ಸಕ್ಕರೆ ಜಾಸ್ತಿ ಹಾಕಿಸಿದ ಚಹಾ ಹೀರುತ್ತಿದ್ದ. ದಾರಿಗಿರಲಿ ಎಂದು ಜಿಲೇಬಿಯನ್ನೂ ಕಟ್ಟಿಸಿಕೊಂಡಿದ್ದ. ಬಸ್ಸಿನಲ್ಲಿ ಆ ಪೊಟ್ಟಣದ ವಾಸನೆಗೆ ಮೈಲಾರೆಪ್ಪನ ಕಣ್ಣಲ್ಲಿ ನೀರು ಬಂತು.

ದವಾಖಾನೆಯಲ್ಲಿ ಸಂಶೋಧನೆ ನಡೆಸುತ್ತಿದ್ದ ಡಾಕ್ಟರು ಸುಚಿತ್ರಾ ಅವನ ರಕ್ತ ತೆಗೆಸಿ ನೋಡಿ, "ಭಾಳ ಛಲೋ ಐತ್ರಿ ನಿಮ್ಮ ಸಕ್ರಿ" ಅಂದರು. ಹತ್ತು ವರ್ಷದಲ್ಲಿ ಯಾರೂ ಅವನಿಗೆ ಈ ಮಾತು ಹೇಳಿರಲಿಲ್ಲ.

"ಹಂಗಾರ ನನ್ನ ತಗೊಂಡ್ರೇನ್ರಿ?"

"ಇಲ್ರಿ. ಎದಕ್ಕೂ ಸಕ್ರಿ ಇಳೀಲಾರದವ್ರಿಗೆ ಈ ಗುಳಿಗಿ ಇಳಸ್ತೈತೋ ಇಲ್ಲೋ ಅಂತ ನೋಡೂದು ನಮ್ಮ ಕೆಲಸ. ನಿಮ್ದು ಇಳದ ಬಂದೈತಿ."

ಮೈಲಾರೆಪ್ಪ ಉಪವಾಸ, ಹಾಗಲಕಾಯಿ, ನಡಿಗೆ, ಎಲ್ಲವನ್ನೂ ಒಪ್ಪಿಸಿಬಿಟ್ಟ. ನಾಳೆ ಹೊಟ್ಟೆ ತುಂಬ ಉಂಡು ಏರಿಸಿಕೊಂಡು ಬರುತ್ತೇನೆ ಎಂದೂ ಬೇಡಿದ.

"ಹಂಗ ಏರಿಸೂದು ಇಳಿಸೂದು ಮಾಡಿದ್ರ ನಮ್ಮ ಸಂಶೋಧನಾನ ಸುಳ್ಳ ಆಗತೈತ್ರಿ" ಅಂದರು ಡಾಕ್ಟರು, ಪಾಪ, ನೊಂದುಕೊಂಡೇ.

ಬೆಂಚಿನ ಮೇಲೆ ತೂಕಡಿಸುತ್ತಿದ್ದ ಗುಡ್ಡಪ್ಪ ತೇಗಿ ಎದ್ದ. "ಹೆಂಗೂ ಬಂದೇನಿ, ನಂದೂ ಒಂದೀಟು ನೋಡ್ರಿ ಡಾಕ್ಟರ ಬಾಯಾರ" ಎಂದು ಬೆರಳು ಚಾಚಿದ. ಫಲಿತಾಂಶ ನೋಡಿ ಡಾಕ್ಟರ ಹುಬ್ಬು ಮೇಲೇರಿತು. "ನಮಗ ಇಂಥಾವ್ರ ಬೇಕಾಗಿತ್ತು. ನಾಳೆ ಹಸದ ಹೊಟ್ಟೀಲೆ ಬಂದ್ರ ತಗೋಬಹುದು."

ವಾಪಸು ಬಸ್ಸಿನಲ್ಲಿ ಮೈಲಾರೆಪ್ಪ ಜಿಲೇಬಿ ಪೊಟ್ಟಣಕ್ಕೆ ಕೈ ಹಾಕಿದ. ಇನ್ನು ಯಾರಿಗಾಗಿ ಉಪವಾಸ? ಗುಡ್ಡಪ್ಪ ಕೈ ಹಿಡಿದ.

"ತಡೀರಿ. ಇವತ್ತ ನಾ ನಿಮ್ಮ ಜೋಡಿ ಬಂದಿಲ್ಲೇನು? ನಾಳೆ ನೀವು ನನ್ನ ಜೋಡಿ ಬರಬೇಕು. ಎದುರಿಗೆ ಯಾರರ ಉಂಡವ್ರು ಇದ್ರ ನನಗ ಹಸಿವಿ ತಡಿಯಾಕ ಆಗೂದಿಲ್ಲ. ಈಗಿಂದನ ಉಪಾಸ ಇದ್ದಬಿಡ್ರಿ, ಹೆಂಗೂ ನಿಮಗ ರೂಢಿ ಆಗೈತಿ."

ಹಾಗೆಂದು ಕೊನೆಯ ಜಿಲೇಬಿಯನ್ನು ತಾನೇ ಬಾಯಿಗಿಟ್ಟುಕೊಂಡ. ಬೆರಳು ಚೀಪುತ್ತ, ಗೆಳೆಯನ ಬಾಡಿದ ಮುಖ ನೋಡಿ ಸಮಾಧಾನ ಹೇಳಿದ:

"ಬ್ಯಾಸರ ಮಾಡ್ಕೋಬ್ಯಾಡ್ರಿ. ವಾಪಸ್ ಬರೂ ಮುಂದ ನಿಮ್ಮ ಸೋಮವಾರದ ಸೂಜೀನೂ ಅಲ್ಲೇ ತಗೊಂಡ ಬರೂಣು."