ಹೊಳೆಯ ನೀರಿನ ಜಾಲತಾಣಕ್ಕೆ ಜನರನ್ನು ತರುವ ಶೋಧಯಂತ್ರದ ಆಯ್ಕೆ ಹಾಗೂ ಟಂಟಂ ಮೈಕಿನ ನಿಷೇಧ

ನದಿಪಾತ್ರ ಮಾಹಿತಿ ಪ್ರಸಾರ ಕೋಶ
(ಯಾದಗಿರಿ, ಶಹಾಪುರ ಮತ್ತು ಸುರಪುರ ತಾಲ್ಲೂಕುಗಳಿಗೆ ಮಾತ್ರ)
ಶಿಬಿರ ಕಚೇರಿ: ಸುರಪುರ

ಸಂಖ್ಯೆ: ನಮಾಪ್ರಕೋ/ಜಾಲತಾಣ/ದಟ್ಟಣೆ-ಇಲ್ಲ/2025-26
ದಿನಾಂಕ: 11-08-2025

ಸುತ್ತೋಲೆ

ವಿಷಯ: ಕೋಶದ ಜಾಲತಾಣಕ್ಕೆ ಸಂದರ್ಶಕರನ್ನು ಕಳುಹಿಸುವ ಪ್ರಮುಖ ಶೋಧಯಂತ್ರಗಳನ್ನು ಹೋಲಿಸಿ, ಒಂದನ್ನು ಆಯ್ಕೆ ಮಾಡಿ, ಉಳಿದವುಗಳನ್ನು ಹೊರಗಿಡುವ ಬಗ್ಗೆ.

ಉಲ್ಲೇಖ:
1. ಜಿಲ್ಲಾ ಮಟ್ಟದ ಸಭೆಯಲ್ಲಿ ಕೆಳಸಹಿದಾರರನ್ನು ಎಬ್ಬಿಸಿ ನಿಲ್ಲಿಸಿ ಕೇಳಲಾದ ಪ್ರಶ್ನೆ.
2. ಗೂಗಲ್, ಬಿಂಗ್ ಮತ್ತು ಡಕ್‌ಡಕ್‌ಗೋ ಇವರಿಗೆ ನೋಂದಾಯಿತ ಅಂಚೆಯಲ್ಲಿ ಬರೆದ ಪತ್ರಗಳು (ಉತ್ತರ ನಿರೀಕ್ಷಿಸಲಾಗಿದೆ).
3. ಜಲಾಲುದ್ದೀನ ಇವರ ಟಂಟಂ.

ಪ್ರಸ್ತಾವನೆ:

ನಾರಾಯಣಪುರದ ಅಣೆಕಟ್ಟೆಯಿಂದ ಹೊಳೆಗೆ ನೀರು ಬಿಡುವ ಮುನ್ನ ದಂಡೆಯ ಜನರಿಗೆ ತಿಳಿಸುವುದು ಈ ಕೋಶದ ಏಕೈಕ ಕರ್ತವ್ಯ. ಇದುವರೆಗೆ ಈ ಕರ್ತವ್ಯವನ್ನು ಜಲಾಲುದ್ದೀನ ಎಂಬುವರು ತಮ್ಮ ಮೂರು ಗಾಲಿಯ ಟಂಟಂ ಗಾಡಿಗೆ ಮೈಕು ಕಟ್ಟಿಕೊಂಡು, ದಂಡೆಯ ಓಣಿಗಳಲ್ಲಿ ಕೂಗುತ್ತ ನಿರ್ವಹಿಸುತ್ತಿದ್ದರು. ಕಾಲ ಬದಲಾಗಿರುವುದರಿಂದ ಕೋಶವು ಜಾಲತಾಣವೊಂದನ್ನು ತೆರೆದಿದೆ. ಉದ್ಘಾಟನೆಯ ದಿನ ಜಾಲತಾಣಕ್ಕೆ ರಿಬ್ಬನ್ ಕಟ್ಟಲು ಬಾರದ ಕಾರಣ ಗಣಕಯಂತ್ರಕ್ಕೆ ಕಟ್ಟಿ ಕತ್ತರಿಸಲಾಗಿದ್ದು, ಆ ಭರದಲ್ಲಿ ಮೌಸಿನ ವೈರೂ ಕತ್ತರಿಸಲ್ಪಟ್ಟಿದೆ. ಇದನ್ನು ಬಿಟ್ಟರೆ ಕಾರ್ಯಕ್ರಮ ಯಶಸ್ವಿಯಾಗಿದೆ.

ಆದರೆ ಜನ ಬರುತ್ತಿಲ್ಲ. ಉಲ್ಲೇಖ ಒಂದರ ಸಭೆಯಲ್ಲಿ ಮೇಲಧಿಕಾರಿಗಳು “ಲಿಂಗಣ್ಣನವರ, ನಿಮ್ಮ ತಾಣಕ್ಕ ಮಂದಿ ಹೋಗ್ಲಿ ಬಿಡ್ರಿ, ನೀವರ ಒಮ್ಮಿ ಹೋಗಿ ಬಂದೀರೇನ್ರಿ?” ಎಂದು ಕೇಳಿದ್ದು, ಸಭೆ ನಕ್ಕಿದೆ. ಶಹಾಪುರದಿಂದ ಬಂದ ಪ್ರತಿನಿಧಿಗಳು ಅಗತ್ಯಕ್ಕಿಂತ ಹೆಚ್ಚು ನಕ್ಕಿದ್ದಾರೆ. ಇದರಿಂದ ಕೆಳಸಹಿದಾರರ ಮನಸ್ಸಿಗೆ ನೋವಾಗಿದ್ದು, ಆ ದಿನದ ಊಟ ರುಚಿಸಿಲ್ಲ. ಹಾಗಾಗಿ ಈ ಕೆಳಕಂಡಂತೆ ಕಟ್ಟುನಿಟ್ಟಾಗಿ ಸೂಚಿಸಲಾಗಿದೆ.

1. ಶೋಧಯಂತ್ರ ಎಂದರೆ, ಸಾರ್ವಜನಿಕರು ಮೊಬೈಲಿನಲ್ಲಿ ಏನನ್ನಾದರೂ ಕೇಳಿದಾಗ ಇಂತಿಂಥ ತಾಣಕ್ಕೆ ಹೋಗಿ ಎಂದು ದಾರಿ ತೋರಿಸುವ ವ್ಯವಸ್ಥೆ. ಜಾಲತಾಣದ ಮಾಲೀಕರಾದವರಿಗೆ ಜನ ಬೇಕಿದ್ದರೆ ಇವುಗಳ ಕೃಪೆ ಬೇಕಾಗುತ್ತದೆ. ಒಂದು ಶೋಧಯಂತ್ರಕ್ಕೆ ಎಷ್ಟು ಇಂಧನ ಬೇಕು, ಅದನ್ನು ಯಾರು ಓಡಿಸುತ್ತಾರೆ ಎಂದು ಚಾಲಕರ ಸಂಘದವರು ಸಲ್ಲಿಸಿದ ಮನವಿಯನ್ನು ಈ ಮೂಲಕ ತಿರಸ್ಕರಿಸಲಾಗಿದೆ.

2. ಯಾವುದೇ ವಸ್ತು ಅಥವಾ ಸೇವೆ ಪಡೆಯುವ ಮುನ್ನ ಮೂವರಿಂದ ದರಪಟ್ಟಿ ಪಡೆದು, ತುಲನಾ ಪಟ್ಟಿ ತಯಾರಿಸಿ, ಕಡತದಲ್ಲಿ ಇಡತಕ್ಕದ್ದು. ಮೂರೂ ಸಂಸ್ಥೆಗಳು ಉತ್ತರಿಸದ ಕಾರಣ, ಅವು ನಮ್ಮ ತಾಣಕ್ಕೆ ಈವರೆಗೆ ಕಳುಹಿಸಿದ ಜನರ ಸಂಖ್ಯೆಯನ್ನೇ ದರವೆಂದು ಭಾವಿಸಿ ಪಟ್ಟಿ ತಯಾರಿಸಲಾಗಿದೆ. ಪರಿಶೀಲನೆಯಲ್ಲಿ ಕಂಡುಬಂದ ಅಂಶಗಳು:

(ಅ) ಗೂಗಲ್: ಜನರ ಮೊಬೈಲಿನಲ್ಲಿ ಮೊದಲೇ ಇರುತ್ತದೆ. ಹತ್ತಿಯ ಧಾರಣೆಯಿಂದ ಹಲ್ಲುನೋವಿನವರೆಗೆ ಎಲ್ಲವನ್ನೂ ಜನ ಇದನ್ನೇ ಕೇಳುತ್ತಾರೆ. ನಮ್ಮ ತಾಣಕ್ಕೆ ಬಂದ ಬೆರಳೆಣಿಕೆಯ ಜನ ಬಹುತೇಕ ಇದರ ಮೂಲಕವೇ ಬಂದಿದ್ದಾರೆ.

(ಆ) ಬಿಂಗ್: ಕಚೇರಿಯ ಗಣಕಯಂತ್ರದ ಜೊತೆಯಲ್ಲಿಯೇ ಬಂದಿದೆ. ಯಾರು ತರಿಸಿದರು ಎಂಬುದಕ್ಕೆ ಆಧಾರವಿಲ್ಲ. ಆದರೂ ಬಂದದ್ದನ್ನು ವಾಪಸ್ ಕಳುಹಿಸುವ ಪದ್ಧತಿ ಇಲ್ಲ. ಇದರ ಮೂಲಕ ಒಬ್ಬರೇ ಒಬ್ಬರು ಬಂದಿದ್ದು, ಅವರು ನಮ್ಮ ಗಣಕಯಂತ್ರ ನಿರ್ವಾಹಕಿ ಶಿವರಂಜನಿ. ತಾಣ ತೆರೆಯುತ್ತದೋ ಇಲ್ಲವೋ ಎಂದು ನೋಡಲು ಬಂದಿದ್ದರು.

(ಇ) ಡಕ್‌ಡಕ್‌ಗೋ: ಯಾರು ಏನು ಹುಡುಕಿದರು ಎಂಬುದನ್ನು ಬರೆದಿಟ್ಟುಕೊಳ್ಳುವುದಿಲ್ಲ ಎಂದು ಈ ಸಂಸ್ಥೆ ತಾನೇ ಹೇಳಿಕೊಂಡಿದೆ. ಬಂದವರ ಸಹಿ ಪಡೆಯದ ಸಂಸ್ಥೆಯನ್ನು ಲೆಕ್ಕ ತಪಾಸಣೆಯವರು ಒಪ್ಪುವುದಿಲ್ಲವಾದ್ದರಿಂದ ತಾಂತ್ರಿಕ ಹಂತದಲ್ಲಿಯೇ ಕೈಬಿಡಲಾಗಿದೆ. ಲಾಂಛನದಲ್ಲಿ ಬಾತುಕೋಳಿ ಇರುವುದರಿಂದ ಪಶು ವೈದ್ಯರ ಅಭಿಪ್ರಾಯ ಕೇಳಲಾಗಿದ್ದು, ಬಾತುಕೋಳಿ ಆರೋಗ್ಯವಾಗಿದೆ ಎಂದು ವರದಿ ಬಂದಿದೆ.

3. ಪಟ್ಟಿಯಲ್ಲಿ ಅತಿ ಕಡಿಮೆ ಅಂಕಿ ಇರುವವರನ್ನು ಆಯ್ಕೆ ಮಾಡುವುದು ಕುರ್ಚಿ, ಕಪಾಟು, ಫಿನಾಯಿಲ್ ಎಲ್ಲದಕ್ಕೂ ಈ ಕಚೇರಿ ಪಾಲಿಸಿಕೊಂಡು ಬಂದ ನಿಯಮ. ಅದರಂತೆ ಅತಿ ಕಡಿಮೆ ಜನರನ್ನು ಕಳುಹಿಸಿದ ಬಿಂಗ್ ಆಯ್ಕೆಯಾಗಿದೆ. ಈ ಬಗ್ಗೆ ಶಿವರಂಜನಿಯವರು “ಸರ್, ಕುರ್ಚಿಗಿ ಕಮ್ಮಿ ರೇಟ್ ಆದ್ರ ಚಲೋನೇರಿ. ಇಲ್ಲಿ ಕಮ್ಮಿ ಅಂದ್ರ ಮಂದೀನೇ ಕಮ್ಮಿ ಬರ್ತಾರಲ್ರಿ” ಎಂದು ಮೌಖಿಕವಾಗಿ ಆಕ್ಷೇಪಿಸಿದ್ದಾರೆ. ನಿಯಮದಲ್ಲಿ ಮಂದಿಗೂ ಕುರ್ಚಿಗೂ ಭೇದವೆಣಿಸಿಲ್ಲ. ಆಕ್ಷೇಪಣೆಯನ್ನು ವಿಲೇವಾರಿ ಮಾಡಲಾಗಿದೆ.

4. ಸ್ಪರ್ಧೆಯಲ್ಲಿ ಸೋತವರು ಕಚೇರಿಯ ಸುತ್ತ ಸುಳಿದಾಡುವುದು ಸರಿಯಲ್ಲ. ಆದುದರಿಂದ ಗೂಗಲ್ ನಮ್ಮ ತಾಣದೊಳಗೆ ಬಂದು ಇಣುಕದಂತೆ ತಾಣದ ಬಾಗಿಲಲ್ಲಿ ನಿರ್ಬಂಧದ ಸೂಚನೆ ಹಾಕಲು ಆದೇಶಿಸಲಾಗಿದ್ದು, ಶಿವರಂಜನಿಯವರು ಎರಡು ಸಲ “ಖರೇನೇ ಹಾಕ್ಲೇನ್ರಿ?” ಎಂದು ಕೇಳಿ ಹಾಕಿದ್ದಾರೆ. ಅಂದಿನಿಂದ ಯಾರಾದರೂ ಗೂಗಲ್‌ನಲ್ಲಿ ಹುಡುಕಿದರೆ ನಮ್ಮ ತಾಣದ ಸುಳಿವು ಸಿಗುವುದಿಲ್ಲ. ನಿಯಮ ಪಾಲನೆ ಪೂರ್ಣವಾಗಿದೆ ಎಂಬುದಕ್ಕೆ ಇದೇ ಸಾಕ್ಷಿ.

5. ಹುಡುಕಿದಾಗ ಮೊದಲ ಪುಟದಲ್ಲಿ ಮೇಲೆ ಬರಬೇಕೆಂದು ಜಾಲತಾಣದ ಮಾಲೀಕರು ಹಾತೊರೆಯುವುದುಂಟು. ನೌಕರರು ಈ ಚಾಳಿಗೆ ಬೀಳಬಾರದು. ಯಾರು ಮೇಲೆ, ಯಾರು ಕೆಳಗೆ ಎಂಬುದು ಜ್ಯೇಷ್ಠತಾ ಪಟ್ಟಿಯಂತೆ ನಡೆಯತಕ್ಕದ್ದು. ಜಿಲ್ಲಾ ಕೇಂದ್ರವಾದ ಯಾದಗಿರಿ ಮೊದಲು, ಶಹಾಪುರ ನಂತರ, ನಾವು ಕೊನೆಗೆ. ಆಕಸ್ಮಿಕವಾಗಿ ನಮ್ಮ ತಾಣ ಮೇಲೆ ಬಂದಲ್ಲಿ ಕೂಡಲೇ ಕೆಳಗಿಳಿದು, ಮೇಲಿನವರ ಕ್ಷಮೆ ಕೋರತಕ್ಕದ್ದು.

6. ಗೂಗಲ್‌ನಲ್ಲಿ ದಂಡೆಯ ಜನ “ಹೊಳಿಗಿ ನೀರ ಬಿಟ್ಟಾರೇನು” ಎಂದು ಹುಡುಕುತ್ತಿದ್ದುದು ಕಂಡುಬಂದಿದೆ. ಇಂಥ ಸಲಿಗೆಯ ಪ್ರಶ್ನೆಗೆ ಕೋಶವು ಉತ್ತರಿಸಲಾಗದು. ಇನ್ನು ಮುಂದೆ ಸಾರ್ವಜನಿಕರು ‘ಜಲಾಶಯದ ಕೆಳಪಾತ್ರಕ್ಕೆ ಹರಿಸಲು ಉದ್ದೇಶಿಸಲಾದ ಹೊರಹರಿವಿನ ಪರಿಮಾಣ ಕುರಿತಾದ ಪೂರ್ವಭಾವಿ ಪ್ರಕಟಣೆ’ ಎಂದು ಪೂರ್ತಿಯಾಗಿ, ತಪ್ಪಿಲ್ಲದೆ ಟೈಪು ಮಾಡಿ ಹುಡುಕತಕ್ಕದ್ದು. ಟೈಪು ಮಾಡುವಷ್ಟರಲ್ಲಿ ನೀರು ಬಂದಲ್ಲಿ, ಎತ್ತರದ ಸ್ಥಳಕ್ಕೆ ತೆರಳಿ ಟೈಪಿಂಗ್ ಮುಂದುವರಿಸಬಹುದು.

7. ತಾಣಕ್ಕೆ ಬಂದವರು ಬಂದ ದಾರಿಗೆ ಸುಂಕವಿಲ್ಲ ಎಂಬಂತೆ ಕ್ಷಣದಲ್ಲಿ ಹೊರಟುಹೋಗುವುದು ಅಂಕಿಅಂಶಕ್ಕೆ ಒಳ್ಳೆಯದಲ್ಲ. ಅವರನ್ನು ಹಿಡಿದು ಕೂರಿಸುವ ಉದ್ದೇಶದಿಂದ, ನೀರು ಬಿಡುವ ದಿನಾಂಕವನ್ನು ಒಂದು ಪುಟದಲ್ಲೂ, ಸಮಯವನ್ನು ಬೇರೊಂದು ಪುಟದಲ್ಲೂ ಹಾಕಲಾಗಿದೆ. ನಡುವಿನ ಪುಟಗಳಲ್ಲಿ ಉದ್ಘಾಟನೆಯ ಫೋಟೊಗಳಿವೆ. ಪ್ರತಿ ಫೋಟೊವನ್ನೂ ನೋಡಿದವರಿಗಷ್ಟೇ ಸಮಯ ತೋರಿಸಲಾಗುವುದು. ಕಚೇರಿ ವೇಳೆಯ ನಂತರ ತಾಣಕ್ಕೆ ಬೀಗ ಹಾಕಲಾಗುವುದರಿಂದ ನೀರು ಸಹ ಕಚೇರಿ ವೇಳೆಯಲ್ಲಿಯೇ ಬರುವಂತೆ ಕೋರಿ ನಾರಾಯಣಪುರಕ್ಕೆ ಬರೆಯಲಾಗಿದೆ.

8. ಬಳಿಚಕ್ರದ ಗುರಪ್ಪ ಎಂಬುವರು ನಿರ್ಬಂಧಕ್ಕೂ ಮುಂಚೆ “ಮಳಿ ಯಾವಾಗ” ಎಂದು ಹುಡುಕಿ, ದಾರಿ ತಪ್ಪಿ ನಮ್ಮ ತಾಣಕ್ಕೆ ಬಂದು, ಎಲ್ಲ ಫೋಟೊಗಳನ್ನೂ ನೋಡಿದ್ದಾರೆ. ಅವರ ಊರಿಗೂ ಹೊಳೆಗೂ ಸಂಬಂಧವಿಲ್ಲ. ಆದರೂ ಈ ಕೋಶಕ್ಕೆ ದೊರೆತ ಏಕೈಕ ತೃಪ್ತಿಕರ ಸಂದರ್ಶಕರು ಅವರೇ ಆಗಿರುವುದರಿಂದ, ಸ್ವಾತಂತ್ರ್ಯ ದಿನಾಚರಣೆಯಂದು ಶಾಲು ಹೊದಿಸಿ ಸನ್ಮಾನಿಸಲು ತೀರ್ಮಾನಿಸಲಾಗಿದೆ. ಇವರನ್ನು ನೆನೆದಾಗ ಕೆಳಸಹಿದಾರರ ಕಣ್ಣು ತುಂಬಿ ಬರುತ್ತದೆ.

9. ಇಷ್ಟೆಲ್ಲ ಸುಧಾರಣೆಗಳ ನಂತರವೂ ಜನ ಬಾರದಿರುವುದಕ್ಕೆ ಕಾರಣ ಪತ್ತೆಯಾಗಿದೆ. ಅದು ಟಂಟಂ. ಜಲಾಲುದ್ದೀನ ಇವರಿಗೆ ಕೆಲಸ ನಿಲ್ಲಿಸುವಂತೆ ಹೇಳಿದ ಮೇಲೂ, ಅವರು ಬಾಡಿಗೆ ಕೇಳದೆ, ಯಾರೂ ಕರೆಯದೆ, ನೀರಿನ ಸುದ್ದಿ ಸಿಕ್ಕೊಡನೆ ದಂಡೆಗೆ ಹೋಗಿ ಕೂಗುತ್ತಿದ್ದಾರೆ. ಹೀಗೆ ಮಾಹಿತಿಯನ್ನು ಮನೆಬಾಗಿಲಿಗೇ ತಂದು ಸುರಿದರೆ ಜನ ಜಾಲತಾಣಕ್ಕೆ ಏಕೆ ಬಂದಾರು? ವಿಚಾರಣೆಯಲ್ಲಿ ಅವರು ನೀಡಿದ ಹೇಳಿಕೆ ಯಥಾವತ್ತಾಗಿ: “ಮೈಕ್ ನಂದು, ಗಾಡಿ ನಂದು, ಗಂಟಲಾನೂ ನಂದೇ ಸಾಬ್. ನೀರ ಬರಾಕತ್ತದ ಅಂತ ಗೊತ್ತಿದ್ದೂ ಸುಮ್ನ ಮನ್ಯಾಗ ಹ್ಯಾಂಗ ಕುಂದರ್ಲಿ?” ಪ್ರಶ್ನೆಗೆ ಪ್ರಶ್ನೆಯನ್ನೇ ಉತ್ತರವಾಗಿ ನೀಡಿರುವುದನ್ನು ಗಂಭೀರವಾಗಿ ಪರಿಗಣಿಸಲಾಗಿದೆ.

ಕಕ್ಕೇರಾ ಭಾಗದ ದಂಡೆಯಲ್ಲಿ ಮೀನು ಹಿಡಿಯುವ ಕುಟುಂಬದ ಅಯ್ಯಮ್ಮ ಎಂಬುವರನ್ನು, ಮೊಬೈಲ್ ಇದ್ದೂ ತಾಣಕ್ಕೆ ಏಕೆ ಭೇಟಿ ನೀಡಿಲ್ಲ ಎಂದು ವಿಚಾರಿಸಲಾಯಿತು. ಅವರ ಹೇಳಿಕೆ: “ಮೊಬೈಲ್ ನಮ್ಮ ಮನಿಯವ್ರ ಕಿಸೆದಾಗ ಇರ್ತದ್ರಿ, ಅವ್ರು ಹೊಳ್ಯಾಗ ಹರಗೋಲದಾಗ ಇರ್ತಾರ. ನಡು ಹೊಳ್ಯಾಗ ಹುಟ್ಟು ಹಾಕೋದು ಬಿಟ್ಟು ಮೊಬೈಲ್ ಒತ್ತಾಕ ಆಗ್ತದೇನ್ರಿ? ಜಲಾಲಣ್ಣ ಬಂದು ಒದರಿದ್ರ ನಾ ದಂಡಿಗಿ ಓಡ್ತೀನಿ, ಅವರ್ನ ಕೂಗಿ ಕರೀತೀನಿ. ಹ್ವಾದ ಸಲ ಹಂಗೇ ಉಳದಾರ್ರಿ. ನಿಮ್ಮ ತಾಣ ಒದರ್ತದೇನ್ರಿ ಸಾಹೇಬ್ರ?”

ತಾಣವು ಒದರುವುದಿಲ್ಲ. ಒದರುವ ಸೌಲಭ್ಯ ಕಲ್ಪಿಸುವ ಪ್ರಸ್ತಾವನೆಗೆ ಮೂರು ದರಪಟ್ಟಿ ಪಡೆಯಲಾಗುವುದು. ಅಲ್ಲಿಯವರೆಗೆ ಟಂಟಂ, ಮೈಕು, ಬರಿಗಂಟಲು ಅಥವಾ ಕೈಸನ್ನೆಯ ಮೂಲಕ ನೀರಿನ ಮಾಹಿತಿಯನ್ನು ನೇರವಾಗಿ ಯಾರಿಗೂ ತಿಳಿಸತಕ್ಕದ್ದಲ್ಲ. ತಿಳಿಸಿದಲ್ಲಿ ಅದನ್ನು ಜಾಲತಾಣದ ಸಂದರ್ಶಕರ ಅಪಹರಣವೆಂದು ಭಾವಿಸಿ ನೋಟಿಸು ಜಾರಿ ಮಾಡಲಾಗುವುದು.

10. ಈ ಸುತ್ತೋಲೆಯನ್ನು ಓದಿದ ಪ್ರತಿ ನೌಕರರೂ ಮನೆಗೆ ಹೋಗಿ, ಕೈಕಾಲು ತೊಳೆದು, ಬಿಂಗ್ ಮೂಲಕ ತಾಣಕ್ಕೆ ಒಮ್ಮೆ ಹೋಗಿ ಬರತಕ್ಕದ್ದು. ಅತ್ತೆ, ಮಾವ, ಬೀಗರು ಇವರನ್ನೂ ಕರೆದೊಯ್ಯಬಹುದು. ಇದಕ್ಕೆ ಪ್ರಯಾಣ ಭತ್ಯೆ ಇರುವುದಿಲ್ಲ.

ಸಹಿ/-
(ಲಿಂಗಣ್ಣ)
ವಿಶೇಷಾಧಿಕಾರಿಗಳು (ಪ್ರಭಾರ)
ನದಿಪಾತ್ರ ಮಾಹಿತಿ ಪ್ರಸಾರ ಕೋಶ

ತುರ್ತು ಸೇರ್ಪಡೆ (ಸಹಿಯಾದ ನಂತರ, ಅದೇ ದಿನ):

ಮೇಲಿನ ಸುತ್ತೋಲೆಗೆ ಸಹಿಯಾಗಿ ಇನ್ನೂ ಮೊಹರು ಬೀಳುವ ಮುನ್ನ, ಮಧ್ಯಾಹ್ನದಿಂದ ಹೊಳೆಗೆ ಹೆಚ್ಚು ನೀರು ಬಿಡಲಾಗುವುದೆಂದು ನಾರಾಯಣಪುರದಿಂದ ದೂರವಾಣಿ ಬಂದಿದೆ. ಮಾಹಿತಿಯನ್ನು ತಕ್ಷಣ ಜಾಲತಾಣದಲ್ಲಿ, ಕಲಂ 7ರಂತೆ ಎರಡು ಬೇರೆ ಬೇರೆ ಪುಟಗಳಲ್ಲಿ ಪ್ರಕಟಿಸಲಾಗಿದೆ. ಖಚಿತಪಡಿಸಿಕೊಳ್ಳಲು ಕೆಳಸಹಿದಾರರು ತಮ್ಮ ಮೊಬೈಲಿನಲ್ಲಿ ಹುಡುಕಿದ್ದು, ಅವರ ಮೊಬೈಲಿನಲ್ಲಿ ಗೂಗಲ್ ಇದ್ದ ಕಾರಣ ಕಲಂ 4ರಂತೆ ಏನೂ ಸಿಕ್ಕಿಲ್ಲ. ಕಲಂ 6ರಂತೆ ಪೂರ್ತಿಯಾಗಿ ಟೈಪು ಮಾಡಲು ಯತ್ನಿಸಲಾಗಿ, ‘ಹೊರಹರಿವಿನ’ ಎಂಬಲ್ಲಿಗೆ ಬಂದಾಗ ಟೈಪಿಂಗ್ ಕೈಬಿಡಲಾಗಿದೆ. ಅಯ್ಯಮ್ಮನವರ ಮನೆಯವರು ಈ ಹೊತ್ತಿಗೆ ಎಲ್ಲಿರುತ್ತಾರೆ ಎಂಬುದು ಅವರ ಹೇಳಿಕೆಯಲ್ಲಿಯೇ ಇತ್ತು, ಮತ್ತು ಅದನ್ನು ಕೆಳಸಹಿದಾರರೇ ಬರೆದುಕೊಂಡಿದ್ದರು.

ನೋಟಿಸು ಪಡೆಯಲೆಂದು ಜಲಾಲುದ್ದೀನ ಇವರು ಕಚೇರಿಯ ಎದುರಿಗೇ ಟಂಟಂ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಅವರಿಗೆ ನೋಟಿಸು ಕೊಡುವ ಬದಲು, ಗಾಡಿ ತೆಗೆಯುವಂತೆ ಮೌಖಿಕವಾಗಿ ಸೂಚಿಸಲಾಯಿತು. ಕೆಳಸಹಿದಾರರು ಚಪ್ಪಲಿ ಹಾಕಿಕೊಳ್ಳದೆ ಹಿಂದೆ ಹತ್ತಿದರು. ದಂಡೆ ತಲುಪಿದ ಮೇಲೆ ಮೈಕು ಪಡೆದು, “ನದಿಪಾತ್ರದ ಸಮಸ್ತ ಸಾರ್ವಜನಿಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ” ಎಂದು ಆರಂಭಿಸಲಾಯಿತು. ಯಾರೂ ತಿರುಗಿ ನೋಡಲಿಲ್ಲ. ಜಲಾಲುದ್ದೀನ ಇವರು “ಸಾಬ್, ಬಾಯಿ ಬಿಟ್ಟು ಒದರ್ರಿ” ಎಂದು ಸಲಹೆ ನೀಡಿದ ಮೇರೆಗೆ, “ಏ, ನೀರ ಬಿಟ್ಟಾರ! ಹೊಳ್ಯಾಗಿದ್ದವ್ರು ಹೊರಗ ಬರ್ರೋ! ಲಗೂನ ಬರ್ರೋ!” ಎಂದು ಒದರಲಾಯಿತು. ದಂಡೆಯ ಈ ತುದಿಯಿಂದ ಆ ತುದಿಯವರೆಗೆ ಒದರಲಾಯಿತು.

ಇದು ಕಲಂ 9ರ ಸ್ಪಷ್ಟ ಉಲ್ಲಂಘನೆ. ಕೆಳಸಹಿದಾರರು ತಮಗೆ ತಾವೇ ಕಾರಣ ಕೇಳುವ ನೋಟಿಸು ಜಾರಿ ಮಾಡಿಕೊಂಡಿದ್ದು, ತಾವೇ ಸ್ವೀಕರಿಸಿ, ನೀಡಲು ಸಮರ್ಪಕ ಕಾರಣವಿದೆ ಎಂದು ಉತ್ತರಿಸಿದ್ದಾರೆ. ಉತ್ತರವನ್ನು ಒಪ್ಪಲಾಗಿದೆ. ಟಂಟಂ ಬಗ್ಗೆ ಮುಂದಿನ ಆದೇಶದವರೆಗೆ ಹಿಂದಿನ ಪದ್ಧತಿಯೇ ಮುಂದುವರಿಯತಕ್ಕದ್ದು. ಮುಂದಿನ ಆದೇಶ ಇರುವುದಿಲ್ಲ.

ಪ್ರತಿಗಳು:
1. ಮೇಲಧಿಕಾರಿಗಳಿಗೆ, ಸಭೆಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರವಾಗಿ: ಹೋಗಿದ್ದೆ, ತಾಣ ಸಿಗಲಿಲ್ಲ.
2. ಶಹಾಪುರದ ಪ್ರತಿನಿಧಿಗಳಿಗೆ, ನಗುವುದಿದ್ದಲ್ಲಿ ಮತ್ತೊಮ್ಮೆ ನಗಲು.
3. ಶಿವರಂಜನಿಯವರಿಗೆ, ಬಾಗಿಲಿನ ನಿರ್ಬಂಧದ ಸೂಚನೆಯನ್ನು ಇಂದೇ ಕಿತ್ತುಹಾಕಲು. “ಖರೇನೇ?” ಎಂದು ಕೇಳುವ ಅಗತ್ಯವಿಲ್ಲ.
4. ಗೂಗಲ್, ಬಿಂಗ್ ಮತ್ತು ಡಕ್‌ಡಕ್‌ಗೋ ಇವರಿಗೆ, ನೋಂದಾಯಿತ ಅಂಚೆಯಲ್ಲಿ. ಮೂವರೂ ಆಯ್ಕೆಯಾಗಿದ್ದಾರೆ.
5. ಬಳಿಚಕ್ರದ ಗುರಪ್ಪನವರಿಗೆ. ಶಾಲು ಖರೀದಿ ದರಪಟ್ಟಿ ಹಂತದಲ್ಲಿದೆ.
6. ಜಲಾಲುದ್ದೀನ ಇವರಿಗೆ, ಮಾಹಿತಿಗಾಗಿ. ಕೆಳಸಹಿದಾರರನ್ನು ಮರಳಿ ಕಚೇರಿಗೆ ಬಿಟ್ಟಿದ್ದಕ್ಕಾಗಿ ಮತ್ತು ದಾರಿಯಲ್ಲಿ ಚಹಾ ಕುಡಿಸಿದ್ದಕ್ಕಾಗಿ ವಂದನೆಗಳೊಂದಿಗೆ.
7. ಅಯ್ಯಮ್ಮನವರಿಗೆ ಪ್ರತಿ ಕಳುಹಿಸಿಲ್ಲ. ಒದರಿ ತಿಳಿಸಲಾಗಿದೆ. ಮನೆಯವರು ದಂಡೆ ಹತ್ತಿದ್ದಾರೆ.