ಗುರವ್ವನ ಬುತ್ತಿಯ ಅರಿವೆ ಮರಳಿಸುವ ಕುರಿತು

ಬೆಂಗಳೂರಿನಲ್ಲಿ ಮೋಡಕ್ಕೆ ತಾಗುವ ಗಾಜಿನ ಕಟ್ಟಡದೊಳಗೆ ವಿರಾಜಮಾನರಾಗಿರುವ ಕಂಪನಿಯ ಯಜಮಾನರ ಸನ್ನಿಧಾನಕ್ಕೆ,

ಮಾನ್ಯರೇ,

ಕುಂದಗೋಳ ತಾಲೂಕು ಗುಡಗೇರಿಯ ಸಂತೆ ಬೀದಿಯಲ್ಲಿ ಕಾಳುಕಡಿ ವ್ಯಾಪಾರ ಮಾಡಿಕೊಂಡಿರುವ, ಐವತ್ತು ತುಂಬಿದ ಸಂಗನಬಸವ ಹೊಸಮನಿ ಎಂಬ ನಾನು ತಮಗೆ, ತಮ್ಮ ಕುಟುಂಬಕ್ಕೆ, ತಮ್ಮ ಕಾರಿಗೆ, ಮುಖ್ಯವಾಗಿ ಆ ಕಾರಿನ ಸ್ಪ್ರಿಂಗುಗಳಿಗೆ ನಮಸ್ಕಾರಗಳನ್ನು ಅರ್ಪಿಸಿ ಬಿನ್ನವಿಸಿಕೊಳ್ಳುವುದೇನೆಂದರೆ, ಇಲ್ಲಿ ನಾವು ಕ್ಷೇಮ. ತಮ್ಮ ಕ್ಷೇಮವನ್ನು ಟೀವಿಯವರು ದಿನಾ ತಿಳಿಸುತ್ತಿದ್ದಾರೆ. ನನ್ನ ಅಕ್ಷರ ನನಗೇ ಓದಲು ಬಾರದ್ದರಿಂದ ಈ ಪತ್ರವನ್ನು ಅಂಗಡಿಯಲ್ಲಿ ಕುಳಿತು, ಗಿರಾಕಿ ಇಲ್ಲದ ಹೊತ್ತಿನಲ್ಲಿ, ತುಂಡು ತುಂಡಾಗಿ ಫೋನಿಗೆ ಮಾತಾಡಿ ಕಳಿಸಿದ್ದೇನೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನನ್ನ ಹೆಂಡತಿ ಶಾಂಭವಿ ಅದನ್ನು ಕೇಳಿ, ದೊಡ್ಡವರ ಮುಂದೆ ಇಡಲು ಯೋಗ್ಯವಾಗುವಂತೆ ಬರೆದುಕೊಟ್ಟಿದ್ದಾಳೆ. ಇದರಲ್ಲಿ ತಪ್ಪು ಕಂಡರೆ ನನ್ನದು, ಮರ್ಯಾದೆ ಕಂಡರೆ ಅವಳದು.

ಕಳೆದ ಬೇಸಿಗೆಯಲ್ಲಿ ತಾವು, ಮನೆಯಿಂದ ಕಚೇರಿ ಮುಟ್ಟಲು ಅರ್ಧ ದಿನ ಹೋಗುತ್ತದೆ, ರಸ್ತೆಯ ಹೊಂಡಗಳಲ್ಲಿ ಕಾರು ಕುಣಿದು ಸೊಂಟ ಹಿಡಿದಿದೆ, ಈ ಊರು ಸಾಕು, ಪಕ್ಕದ ರಾಜ್ಯಕ್ಕೆ ಹೊರಟೆವು ಎಂದು ನಾಲ್ಕು ಸಾಲು ಬರೆದು ಲೋಕಕ್ಕೆಲ್ಲ ಹಂಚಿದಿರಿ. ಆ ನಾಲ್ಕು ಸಾಲಿಗೆ ಎರಡು ರಾಜ್ಯಗಳು ಎದ್ದು ಕುಳಿತವು. ಪಕ್ಕದ ರಾಜ್ಯದ ಮಂತ್ರಿಯೊಬ್ಬರು ಚಹಾ ಆರುವುದರೊಳಗೆ, "ಬನ್ನಿ, ಜಾಗ ನಮ್ಮದು, ನೀರು ನಮ್ಮದು, ಕರೆಂಟು ನಮ್ಮದು, ಬಂದು ಕೂಡುವುದಷ್ಟೇ ನಿಮ್ಮದು" ಎಂದು ಕರೆದರು. ನಮ್ಮ ಕಡೆಯ ಆಡಳಿತ ಪಕ್ಷದವರು ಬೆಳಿಗ್ಗೆ "ಹೋಗುವವರು ಹೋಗಲಿ, ಬೆದರಿಕೆಗೆ ಬಗ್ಗುವವರಲ್ಲ" ಎಂದು ಗುಡುಗಿ, ಮಧ್ಯಾಹ್ನ ಹಣ್ಣಿನ ಬುಟ್ಟಿ ಹಿಡಿದು ತಮ್ಮ ಬಾಗಿಲಲ್ಲಿ ನಿಂತರು. ವಿರೋಧ ಪಕ್ಷದವರು ತಾವೇ ಆಳುತ್ತಿದ್ದಾಗ ಬಿದ್ದ ಹೊಂಡವೊಂದನ್ನು ಹುಡುಕಿ, ಅದರಲ್ಲಿ ಬಾಳೆಗಿಡ ನೆಟ್ಟು, ಕಣ್ಣೀರು ಹಾಕಿ, ಫೋಟೋ ಸರಿ ಬಂದಿದೆಯೇ ಎಂದು ನೋಡಿಕೊಂಡು ಹೋದರು. ಒಬ್ಬ ಮನುಷ್ಯನ ಸೊಂಟ ಉಳುಕಿದರೆ ಇಷ್ಟು ಜನ ಬಗ್ಗಿ ನಿಲ್ಲುತ್ತಾರೆಂಬುದು ನಮಗೆ ಗೊತ್ತೇ ಇರಲಿಲ್ಲ. ನಮ್ಮೂರಿನಿಂದ ಹೆದ್ದಾರಿಗೆ ಹೋಗುವ ದಾರಿಯಲ್ಲಿ ಉಳುಕಿದ ಸೊಂಟಗಳನ್ನು ನಾವು ಇಷ್ಟು ದಿನ ಸುಮ್ಮನೆ ಎಣ್ಣೆ ಹಚ್ಚಿ ಹಾಳು ಮಾಡಿಕೊಂಡೆವು.

ಈಗ ತಮಗೆ ತಿಳಿದಿರಲಾರದ ಒಂದು ಸಂಗತಿ. ತಮ್ಮ ಕ್ಯಾಂಟೀನಿನಲ್ಲಿ "ಉತ್ತರ ಕರ್ನಾಟಕದ ಊಟ" ಎಂದು ಬಡಿಸುತ್ತಿದ್ದರಲ್ಲ, ಅದರ ಖಡಕ್ ರೊಟ್ಟಿ ನಮ್ಮೂರಿನದು. ನನ್ನ ಅಂಗಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಗುರವ್ವ, ರೂಬಿನಾ ಮತ್ತು ಅವರ ಓಣಿಯ ಹೆಣ್ಣುಮಕ್ಕಳು ಜೋಳದ ಹಿಟ್ಟು ನಾದಿ, ಬಡಿದು, ಬೇಯಿಸಿ, ಒಣಗಿಸಿ, ಪೆಟ್ಟಿಗೆ ಕಟ್ಟಿ ರೈಲಿಗೆ ಹಾಕುತ್ತಿದ್ದರು. ಗಂಡ ತೀರಿದ ಮೇಲೆ ಗುರವ್ವ ತಾನಾಗಿ ಹುಟ್ಟಿಸಿಕೊಂಡ ಕೆಲಸ ಅದು. ಅದು ಇದ್ದುದರಿಂದಲೇ ಆ ಓಣಿಯ ಮಂದಿ ಸುಗ್ಗಿ ಮುಗಿದ ಕೂಡಲೇ ಕೂಲಿ ಹುಡುಕಿಕೊಂಡು ಗುಳೆ ಹೋಗುವುದನ್ನು ಬಿಟ್ಟಿದ್ದರು. ರೂಬಿನಾಳ ಗಂಡ ಅಬ್ದುಲ್‌ಸಾಬ ಗೋವಾಕ್ಕೆ ಗಾರೆ ಕೆಲಸಕ್ಕೆ ಹೋಗುತ್ತಿದ್ದವನು, ಆ ಹೊರೆ ಇಳಿಸಿ ಊರಿನಲ್ಲಿಯೇ ಜೋಳದ ಗಿರಣಿ ನೋಡಿಕೊಂಡಿದ್ದ.

ತಮ್ಮ ನಾಲ್ಕು ಸಾಲು ಬಂದ ಮರುದಿನ, ತಮ್ಮ ಕ್ಯಾಂಟೀನು ನೋಡಿಕೊಳ್ಳುವ ಕುಬಿಹಾಳದ ಈರೇಶ ಫೋನು ಮಾಡಿದ. "ಗುರವ್ವಕ್ಕಾ, ರೊಟ್ಟಿ ನಿಲ್ಲಸ್ರಿ. ಕಂಪನಿ ಊರು ಬಿಟ್ಟು ಹೊಂಟೈತಿ."

ಗುರವ್ವನಿಗೆ ರೊಟ್ಟಿ ನಿಂತ ಸುದ್ದಿಗಿಂತ ಊರು ಬಿಡುವ ಸುದ್ದಿಯೇ ಮೊದಲು ನಾಟಿತು. "ಅಯ್ಯ ಶಿವನ! ಎಲ್ಲಾರೂ ಹೊಂಟಾರೇನೋ ಈರೇಶಾ?"

"ಎಲ್ಲಾರೂ ಅಕ್ಕಾ. ಸೋಮವಾರ ಲಾರಿ ಬಿಡ್ತಾವ, ಹೆದ್ದಾರಿ ಹಿಡದು."

"ಮತ್ತ ದಾರ್ಯಾಗ ಉಣ್ಣಾಕ ಏನ್ ಮಾಡ್ಯಾರ?"

ಸಾಹೇಬರನ್ನೇ ಕೇಳಿ ಹೇಳುತ್ತೇನೆಂದು ಈರೇಶ ಫೋನು ಇಟ್ಟ. ತಮ್ಮನ್ನು ಕೇಳಿರಲಿಕ್ಕಿಲ್ಲ.

ಮಾನ್ಯರೇ, ಇಲ್ಲಿ ಗುರವ್ವನ ತಪ್ಪನ್ನು ಒಪ್ಪಿಕೊಳ್ಳಲೇಬೇಕು. ನಮ್ಮ ಕಡೆ ಊರು ಬಿಡುವುದೆಂದರೆ ಒಂದೇ ಚಿತ್ರ: ಲಾರಿಯ ತುಂಬ ಹಾಸಿಗೆ, ಭಾಂಡೆ, ಒಲೆಯ ಕಲ್ಲು, ಬುಟ್ಟಿಯೊಳಗೆ ಕೋಳಿ, ಅದರ ಮೇಲೆ ಮಕ್ಕಳು, ಎಲ್ಲಕ್ಕಿಂತ ಮೇಲೆ ಹಗ್ಗ ಹಿಡಿದು ಕುಳಿತ ಒಬ್ಬ ಮುದುಕಿ. ಹಾಗೆ ಹೊರಟವರು ತಮ್ಮವರಿರಲಿ, ಬೇರೆ ಊರಿನವರಿರಲಿ, ಕಣ್ಣಿಗೆ ಬಿದ್ದ ಮೇಲೆ ಬುತ್ತಿ ಕೊಡದೆ ಮುಂದೆ ಬಿಡುವುದು ಇಲ್ಲಿಯ ರೂಢಿಯಲ್ಲ. ತಮ್ಮ ಇಂಜಿನಿಯರುಗಳೆಲ್ಲ ಕಂಪ್ಯೂಟರನ್ನು ತೊಡೆಯ ಮೇಲಿಟ್ಟುಕೊಂಡು, ತಾವು ಎಲ್ಲರಿಗಿಂತ ಮೇಲೆ ಹಗ್ಗ ಹಿಡಿದುಕೊಂಡು ಬಿಸಿಲಿನಲ್ಲಿ ಬರುತ್ತೀರೆಂದು ಗುರವ್ವ ನಂಬಿದಳು. "ಯವ್ವಾ, ಅವರು ವಿಮಾನದಾಗ ಹೊಕ್ಕಾರ" ಎಂದು ನಾನು ತಿಳಿಸಿ ಹೇಳಿದೆ. "ಒಲಿ, ಹಾಸಗಿ, ಭಾಂಡೆ ಎಲ್ಲಾ ವಿಮಾನದಾಗ ಹಿಡಸ್ತಾವೇನ್ರಿ ಅಣ್ಣಾರ? ಸುಮ್ಕ ಕುಂದರ್ರಿ" ಎಂದಳು. ನಾನು ಸುಮ್ಮನೆ ಕುಳಿತದ್ದಲ್ಲದೆ ಜೋಳವನ್ನೂ ಕೊಟ್ಟೆ.

ಸೋಮವಾರ ನಸುಕಿಗೇ ಶೆಡ್ಡಿನ ಒಲೆಗಳೆಲ್ಲ ಹೊತ್ತಿದವು. ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಖಡಕ್ ರೊಟ್ಟಿ ನಮ್ಮ ರಸ್ತೆಯಲ್ಲಿ ಹೆದ್ದಾರಿ ಮುಟ್ಟುವಷ್ಟರಲ್ಲಿ ರವೆಯಾಗುತ್ತದೆಂದು ಮೆತ್ತನೆಯದನ್ನೇ ಬಡಿದು, ಅರಿವೆಗಳಲ್ಲಿ ಕಟ್ಟಿ, ನಮ್ಮೂರ ಮಾಳಪ್ಪನ ಟಂಟಂ ರಿಕ್ಷಾದಲ್ಲಿ ಹೆಣ್ಣುಮಕ್ಕಳೆಲ್ಲ ಗಂಟುಗಳನ್ನು ಕೂಸುಗಳಂತೆ ತೊಡೆಯ ಮೇಲಿಟ್ಟುಕೊಂಡು ಟೋಲ್ ನಾಕಾದ ಬಾಜು ಬೇವಿನ ಗಿಡದ ಕೆಳಗೆ ಹೋಗಿ ನಿಂತರು. ನಾನೂ ಹೋದೆ, ಇಂಥದ್ದನ್ನು ನೋಡದೆ ಬಿಡುವ ಸ್ವಭಾವ ನನ್ನದಲ್ಲ.

ಲಾರಿಗಳು ಬಂದವು. ಮೈಮೇಲೆ ತಮ್ಮ ಕಂಪನಿಯ ಹೆಸರಿತ್ತು. ಗುರವ್ವ ಕೈ ಅಡ್ಡ ಹಿಡಿದಳು. ಮುಂದಿನ ಲಾರಿಯ ಡ್ರೈವರು ತಪಾಸಣೆಯವರೆಂದು ಹೆದರಿ ನಿಲ್ಲಿಸಿದ. ಹೆಂಗಸರೆಲ್ಲ ತಲೆ ಎತ್ತಿ ಲಾರಿಯ ಮೇಲೆ ನೋಡಿದರು, ಹಿಂದೆ ಹೋಗಿ ತಾಡಪತ್ರಿ ಸರಿಸಿ ನೋಡಿದರು. ರೂಬಿನಾ ಡ್ರೈವರನೊಂದಿಗೆ ಹಿಂದಿಯಲ್ಲಿ ಮಾತಾಡಿ ತಿರುಗಿ ಹೇಳಿದಳು: "ಸಾಹೇಬ್ರೆಲ್ಲಾ ವಿಮಾನದಾಗ ಹೋಗ್ಯಾರಂತ ಅಕ್ಕಾ. ಲಾರ್ಯಾಗ ಬರೇ ಕುರ್ಚಿ ಅದಾವಂತ."

ಕುರ್ಚಿಗಳು, ಮಾನ್ಯರೇ! ಗರಗರ ತಿರುಗುವ ಕುರ್ಚಿಗಳು ಮತ್ತು ನೀರು ಕೇಳದ ಪ್ಲಾಸ್ಟಿಕ್ ಗಿಡಗಳು. ಇಷ್ಟು ಮಂದಿಯ ಬುತ್ತಿಯನ್ನು ಕೈಯಲ್ಲಿ ಹಿಡಿದುಕೊಂಡು ಗುರವ್ವ ಆ ಕುರ್ಚಿಗಳನ್ನು ನೋಡುತ್ತ ನಿಂತಳು. ನಾನು ನಗಬಾರದೆಂದು ಟೋಲಿನ ಕಡೆ ಮುಖ ಮಾಡಿದೆ. ಆಮೇಲೆ ಅವಳು ಡ್ರೈವರನಿಗೆ, "ಹಂಗಾರ ನೀನ ಉಣ್ಣಪಾ. ನೀನೂ ಊರು ಬಿಟ್ಟಾವನ ಅಲ್ಲೇನು?" ಎಂದಳು. ರೂಬಿನಾ ಅದನ್ನು ತಿಳಿಸಿ ಹೇಳಿದಾಗ ಅವನು ಜೋರಾಗಿ ನಕ್ಕ. ಉತ್ತರದ ದೂರದ ರಾಜ್ಯದವನಂತೆ. ಮೀಸೆ ಮೂಡುವ ಮೊದಲೇ ಊರು ಬಿಟ್ಟವನಂತೆ. ಅವನು ಹೊರಟಾಗ ಯಾವ ಮಂತ್ರಿಯೂ ತಡೆಯಲಿಲ್ಲ, ಯಾವ ಮಂತ್ರಿಯೂ ಕರೆಯಲಿಲ್ಲವಂತೆ. ಎಲ್ಲ ಡ್ರೈವರುಗಳೂ ಕ್ಲೀನರುಗಳೂ ಬೇವಿನ ನೆರಳಿನಲ್ಲಿ ಕುಳಿತು ಉಂಡು, ಉಳಿದದ್ದನ್ನು ಗಂಟಿನ ಸಮೇತ ದಾರಿಗೆ ಕಟ್ಟಿಕೊಂಡರು.

ತಮ್ಮನ್ನು ಗುರವ್ವ ಮರೆಯಲಿಲ್ಲ. ಊರು ಬಿಡುವವರಿಗೆಂದೇ ಅವಳು ತೆಗೆದಿಟ್ಟ ಒಂದು ಅರಿವೆಯಿದೆ, ಹಳೆಯ ಇಳಕಲ್ ಸೀರೆಯ ತುಂಡು, ಕೆಂಪು ಅಂಚಿನದು. ಅದರಲ್ಲಿ ಕಟ್ಟಿದ ಗಂಟನ್ನು ಆ ಡ್ರೈವರನ ಕೈಗೆ ಕೊಟ್ಟು, "ಇದು ದೊಡ್ಡ ಸಾಹೇಬ್ರಿಗೆ. ಅರಿವಿ ಮಾತ್ರ ಹೊಳ್ಳಿ ಬರಬೇಕು, ಬರೇ ಬರಬಾರದು" ಎಂದು ರೂಬಿನಾಳಿಂದ ಹೇಳಿಸಿದಳು. ಬುತ್ತಿಯ ಅರಿವೆಯನ್ನು ಖಾಲಿ ಮರಳಿಸುವುದು ನಮ್ಮಲ್ಲಿ ಕೇಡು. ಒಂದು ಹಿಡಿ ಕಾಳಾದರೂ, ಒಂದು ಬೆಲ್ಲದ ಚೂರಾದರೂ ಅದರ ಮೂಲೆಯಲ್ಲಿ ಇರಬೇಕು.

ವಾರ ತುಂಬುವುದರೊಳಗೆ ಅದೇ ಲಾರಿಗಳು ಅದೇ ಕುರ್ಚಿಗಳನ್ನು ಹೊತ್ತುಕೊಂಡು ಹಿಂದಕ್ಕೆ ಬಂದವು. ಡ್ರೈವರು ಮಾಳಪ್ಪನನ್ನು ಕೇಳಿಕೊಂಡು ಊರಿನವರೆಗೆ ಬಂದು, ತಾನು ಉಂಡ ಗಂಟಿನ ಅರಿವೆಯನ್ನು ಒಗೆದು, ಮೂಲೆಯಲ್ಲಿ ಒಂದು ಹಿಡಿ ಒಣದ್ರಾಕ್ಷಿ ಕಟ್ಟಿ ಮರಳಿಸಿದ. ತಮ್ಮ ಗಂಟನ್ನು ಮಾತ್ರ ಅಲ್ಲಿಯ ಹೊಸ ಕಟ್ಟಡದ ಕಾವಲಿನವರು ಯಂತ್ರದೊಳಗೆ ಹಾಯಿಸಿ, ಅನುಮಾನದಿಂದ ನೋಡಿ, ತಮಗೆ ಮುಟ್ಟಿಸುತ್ತೇವೆಂದು ಒಳಗೆ ಒಯ್ದರಂತೆ.

ಅಂದು ಸಂಜೆಯ ಟೀವಿಯಲ್ಲಿ ತಾವು ಹಾರ ಹಾಕಿಕೊಂಡು, "ಈ ಮಣ್ಣಿನ ಋಣ ದೊಡ್ಡದು, ಬಿಟ್ಟು ಹೋಗಲು ಮನಸ್ಸಾಗಲಿಲ್ಲ" ಎಂದಿರಿ. ಮಣ್ಣು ನಿಜವಾಗಿಯೂ ದೊಡ್ಡದೇ. ವಿಮಾನ ನಿಲ್ದಾಣದ ಹತ್ತಿರ ಸರ್ಕಾರ ಕೊಟ್ಟ ಅಷ್ಟೂ ಎಕರೆ ಟೀವಿಯ ಪರದೆಯಲ್ಲಿ ಹಿಡಿಯಲಿಲ್ಲ. ಹೋಗುತ್ತೇನೆಂದು ಹೇಳಿ ಹೋಗದೆ ಉಳಿಯುವುದಕ್ಕೆ ಇಷ್ಟು ಸಿಗುವುದಾದರೆ, ಮಾನ್ಯರೇ, ಹೋಗಿಯೇ ಬಿಟ್ಟವರು ಎಂಥ ದಡ್ಡರು!

ರೊಟ್ಟಿಯ ಕೆಲಸ ಮತ್ತೆ ಶುರುವಾಗುತ್ತದೆಂದು ಗುರವ್ವ ಹಂಚು ತಿಕ್ಕಿಟ್ಟಳು. ಈರೇಶನ ಫೋನು ಬಂತು, ಆದರೆ ದನಿ ಸಣ್ಣದಾಗಿತ್ತು. "ಅಕ್ಕಾ, ಹೊಸಾ ಕ್ಯಾಂಟೀನ್ಯಾಗ ರೊಟ್ಟಿ ಪಾಕೀಟ ಬರಾಕತ್ತಾವ. ಆ ರಾಜ್ಯದ ಫ್ಯಾಕ್ಟರೀವು. ಆ ಮಂತ್ರಿಗೆ ಬ್ಯಾಸರ ಆಗಬಾರದಂತ ನಮ್ಮ ಸಾಹೇಬ್ರು ರೊಟ್ಟಿ ಗುತ್ತಿಗಿ ಅಷ್ಟು ಅಲ್ಲಿಗೆ ಕೊಟ್ಟಾರ." ಅಲ್ಲಿಗೆ ಜಗಳ ಮುಗಿಯಿತು. ನಮ್ಮ ಸರ್ಕಾರಕ್ಕೆ ತಾವು ಸಿಕ್ಕಿರಿ, ತಮಗೆ ಜಮೀನು ಸಿಕ್ಕಿತು, ಪಕ್ಕದ ರಾಜ್ಯಕ್ಕೆ ರೊಟ್ಟಿ ಸಿಕ್ಕಿತು. ಎಲ್ಲರನ್ನೂ ಸಮಾಧಾನ ಮಾಡಿದ ಆ ರೊಟ್ಟಿ ಯಾರದೆಂದು ಕೇಳುವಷ್ಟು ಸಣ್ಣ ಮನಸ್ಸು ಅಲ್ಲಿ ಯಾರಿಗೂ ಇರಲಿಲ್ಲ.

ತಮ್ಮ ದಾರಿಯನ್ನೇ ನಾವೂ ಹಿಡಿದು ನೋಡಿದೆವು. ರಸ್ತೆ ಸರಿಯಿಲ್ಲ, ಸೊಂಟ ನೋಯುತ್ತದೆ, ಇಡೀ ಓಣಿ ಪಕ್ಕದ ರಾಜ್ಯಕ್ಕೆ ಹೊರಟಿದ್ದೇವೆ ಎಂದು ನಾನೇ ನಾಲ್ಕು ಸಾಲು ಹೇಳಿ ಲೋಕಕ್ಕೆ ಬಿಟ್ಟೆ. ಹಣ್ಣಿನ ಬುಟ್ಟಿ ಇಡಲು ಅಂಗಡಿಯಲ್ಲಿ ಜಾಗವನ್ನೂ ಮಾಡಿದೆ. ಪಕ್ಕದ ರಾಜ್ಯದ ಮಂತ್ರಿಗಳು ಉತ್ತರಿಸಲಿಲ್ಲ. ಬಹುಶಃ ರೊಟ್ಟಿ ಉಣ್ಣುತ್ತಿದ್ದರು. ನಮ್ಮ ಕಡೆಯ ಎರಡೂ ಪಕ್ಷದವರು ಮೊದಲ ಸಲ ಒಂದೇ ಮಾತು ಆಡಿದರು: ನಾವು ನಾಡದ್ರೋಹಿಗಳು. ತಾವು ಹೊರಟರೆ ಅದು ನಾಡಿನ ನಷ್ಟ, ನಾವು ಹೊರಟರೆ ನಾಡಿಗೆ ದ್ರೋಹ. ಈ ವ್ಯತ್ಯಾಸವನ್ನು ಶಾಂಭವಿ ಹತ್ತನೆಯ ಇಯತ್ತೆಯವರಿಗೆ ಪಾಠ ಮಾಡಬೇಕೆಂದಿದ್ದಾಳೆ.

ಕಡೆಗೆ, ಇಷ್ಟೆಲ್ಲ ಗದ್ದಲದಲ್ಲಿ ನಿಜವಾಗಿಯೂ ರಾಜ್ಯ ಬಿಟ್ಟು ಹೋದವರು ರೂಬಿನಾ ಮತ್ತು ಅಬ್ದುಲ್‌ಸಾಬ. ಗಿರಣಿ ನಿಂತಿತು, ಗೋವಾದ ಗುತ್ತಿಗೆದಾರ ಕರೆದ, ಹೋದರು. ಅವರು ನಾಲ್ಕು ಸಾಲು ಬರೆಯಲಿಲ್ಲ. ಲಾರಿ ಬರುವ ಹೊತ್ತಿಗೆ ಗುರವ್ವ ರೊಟ್ಟಿ ಬಡಿದು, ಬುತ್ತಿ ಕಟ್ಟಲೆಂದು ಕೆಂಪು ಅಂಚಿನ ಅರಿವೆಗಾಗಿ ಗೂಟಕ್ಕೆ ಕೈ ಹಾಕಿದಳು. ಅದು ಅಲ್ಲಿರಲಿಲ್ಲ. ಅದು ತಮ್ಮ ಹತ್ತಿರ ಇತ್ತು, ಮಾನ್ಯರೇ. ಜೊತೆಯಲ್ಲಿ ಕುಳಿತು ರೊಟ್ಟಿ ಬಡಿದವಳ ಬುತ್ತಿಯನ್ನು ಅವಳು ನನ್ನ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟಳು. ರೂಬಿನಾ ಲಾರಿಯ ಮೇಲಿಂದ, "ಅಕ್ಕಾ, ಇದನ್ನ ಹೊಳ್ಳಿ ಕೊಡಾಕ ಬರೂದಿಲ್ಲಲ್ಲ" ಎಂದಳು. ಹೊಳ್ಳಿ ಬರಬೇಕಾದದ್ದು ಚೀಲವಲ್ಲ, ಅವಳೇ ಎಂದು ನಮಗೆಲ್ಲರಿಗೂ ತಿಳಿದಿತ್ತು.

ಆದ್ದರಿಂದ ತಮ್ಮಲ್ಲಿ ವಿನಂತಿಗಳು. ಮುಂದಿನ ಸಲ ಸೊಂಟ ಹಿಡಿದಾಗ ದಯಮಾಡಿ ನಮ್ಮ ರಸ್ತೆಯ ಹೆಸರಿನಲ್ಲಿ ಹಿಡಿಸಿಕೊಳ್ಳಿರಿ. ತಮ್ಮ ಸೊಂಟದ ಮಾತು ಸರ್ಕಾರ ಕೇಳುತ್ತದೆ. ಇನ್ನೊಮ್ಮೆ ರಾಜ್ಯ ಬಿಡುವ ಮನಸ್ಸಾದರೆ ಕುರ್ಚಿಗಳನ್ನು ವಿಮಾನದಲ್ಲಿ ಕಳಿಸಿ, ತಾವು ಲಾರಿಯ ಮೇಲೆ ಹಗ್ಗ ಹಿಡಿದು ಬನ್ನಿರಿ. ಗುರವ್ವನ ನಂಬಿಕೆಯೊಂದು ನಿಜವಾಗಲಿ. ಪರರಾಜ್ಯದ ರೊಟ್ಟಿಯೇ ತಮ್ಮ ನಾಲಿಗೆಗೆ ಹಿಡಿಸುವುದಾದರೆ, ಗುಡಗೇರಿಯನ್ನು ಒಂದು ಪರರಾಜ್ಯವೆಂದು ತಿಳಿದುಕೊಳ್ಳಿರಿ, ಬೆಂಗಳೂರಿನಿಂದ ನೋಡಿದವರಿಗೆ ಅದೇನೂ ಕಷ್ಟವಾಗಲಾರದು.

ಇವು ಯಾವುವೂ ಆಗದಿದ್ದರೆ ಆ ಅರಿವೆಯನ್ನಾದರೂ ಕಳಿಸಿಕೊಡಿರಿ. ಬರಿದೇ ಕಳಿಸಬಾರದೆಂಬುದನ್ನು ಆಗಲೇ ತಿಳಿಸಿದ್ದೇನೆ. ಡ್ರೈವರು ಒಣದ್ರಾಕ್ಷಿ ಕಟ್ಟಿದ. ತಾವು ಏನು ಕಟ್ಟಬೇಕೆಂದು ಹೇಳುವಷ್ಟು ದೊಡ್ಡವನು ನಾನಲ್ಲ. ರೂಬಿನಾ ಮರಳಿ ಬಂದು ಹಿಟ್ಟು ನಾದುವಷ್ಟು ಕೆಲಸ ಅದರಲ್ಲಿ ಹಿಡಿಯುತ್ತದೆ ಎಂದಷ್ಟೇ ತಿಳಿಸಬಲ್ಲೆ; ಅರಿವೆ ದೊಡ್ಡದಿದೆ.

ಇಷ್ಟಾದ ಮೇಲೂ,
ತಮ್ಮ ವಿಶ್ವಾಸಿ,
ಸಂಗನಬಸವ ಹೊಸಮನಿ
ಸಂತೆ ಬೀದಿ, ಗುಡಗೇರಿ

ತಾ.ಕ.: ಈ ಪತ್ರವನ್ನು ಅಂಚೆಗೆ ಹಾಕುವ ಮೊದಲು ಶೆಡ್ಡಿನಲ್ಲಿ ಗುರವ್ವನಿಗೂ ಉಳಿದ ಹೆಣ್ಣುಮಕ್ಕಳಿಗೂ ಓದಿ ಹೇಳಿದೆ. "ಎಲ್ಲಾ ಬರೋಬರಿ ಐತ್ರಿ ಅಣ್ಣಾರ, ಆದ್ರ ಮಾತಿಗೊಮ್ಮೆ ಮಾನ್ಯರೇ ಮಾನ್ಯರೇ ಅಂತ ಯಾಕ ಅಂದೀರಿ?" ಎಂದು ಗುರವ್ವ ಕೇಳಿದಳು. ನಾನು ಫೋನಿಗೆ ಮಾತಾಡುವಾಗ ಆ ಜಾಗಗಳಲ್ಲೆಲ್ಲ ಬೇರೆ ಮಾತು ಆಡಿದ್ದೆ, ಶಾಂಭವಿ ಅದನ್ನು ತೆಗೆದು ಇದನ್ನು ಹಾಕಿದ್ದಾಳೆ ಎಂದು ತಿಳಿಸಿದೆ. ಹಾಗಾದರೆ ಮೊದಲಿನ ಮಾತುಗಳನ್ನೇ ಇಟ್ಟು ಇನ್ನೊಮ್ಮೆ ಓದಿರೆಂದು ಎಲ್ಲರೂ ಹಟ ಹಿಡಿದರು. ಓದಿದೆ. ರೂಬಿನಾ ಹೋದ ಮೇಲೆ ಆ ಶೆಡ್ಡಿನಲ್ಲಿ ನಗು ಕೇಳಿಸಿದ್ದು ಅಂದೇ. ತಾವೂ ಬೇಕಾದರೆ ಹಾಗೆಯೇ ಓದಿಕೊಳ್ಳಬಹುದು.